ಡೂಗಲ್ ಪೆಟಿಗ್ರೂನ ಶೋಕರಾಗ

ಡೂಗಲ್ ಪೆಟಿಗ್ರೂ ತನ್ನ ಮೊಬೈಲನ್ನು ಬ್ರೆಡ್ ಡಬ್ಬದ ಮೇಲೆ ಮರೆತದ್ದೇ ಎಲ್ಲಕ್ಕೂ ಮೂಲ. ಗುರುವಾರ ಬೆಳಿಗ್ಗೆ ದೋಣಿ ತಪ್ಪೀತೆಂಬ ಅವಸರದಲ್ಲಿ ಅರ್ಧ ಲೋಟ ಟೀ ಬಿಟ್ಟು ಎದ್ದವನು ಬ್ಯಾಂಡಿನವರು ಉಡುವ ಚೌಕಳಿ ಲಂಗ ಕಿಲ್ಟು ಎತ್ತಿಕೊಂಡ, ಬ್ಯಾಗ್‌ಪೈಪು ಎತ್ತಿಕೊಂಡ, ಪಕ್ಕದ ಮನೆಯ ಸೆಂಗಾ ಮಾಫಟ್‌ಳ ಕೈಗೆ ಬೀಗದ ಕೈ ಕೊಟ್ಟು ಬೆಕ್ಕಿಗೆ ಹಾಲು ಹಾಕಲು ಹೇಳಿದ, ಮೊಬೈಲನ್ನು ಮಾತ್ರ ಬಿಟ್ಟ.

ಹೊರಟದ್ದು ನೀರಿನಾಚೆಯ ಡುನೂನಿನ ಅಕ್ಕನ ಮನೆಗೆ, ಅಭ್ಯಾಸ ಮಾಡಲು. ಗ್ಲಾಸ್ಗೋದ ಬಸ್ ಡಿಪೋ ಬ್ಯಾಂಡಿನಲ್ಲಿ ಅವನು ಇಪ್ಪತ್ತೆರಡು ವರ್ಷದಿಂದ ಹಿಂದಿನ ಸಾಲಿನ ಎಡತುದಿಯಲ್ಲಿ ನಿಂತು ಊದುತ್ತಿದ್ದ. ಈ ಶನಿವಾರದ ಸ್ಪರ್ಧೆಯಲ್ಲಿ ಮೊದಲ ಸಲ, ಒಂದೂವರೆ ನಿಮಿಷ, ಅವನೊಬ್ಬನೇ ನುಡಿಸಬೇಕಿತ್ತು. ಬ್ಯಾಂಡಿನ ನಾಯಕಿ ಉನಾ ಮಕ್‌ಕಾಸ್ಕಿಲ್, "ಒಂದು ಗಂಟೆಗೆ ಸರಿಯಾಗಿ ಬರಬೇಕು. ನೀನಿಲ್ಲ ಅಂದ್ರೆ ನಿನ್ನ ಪಕ್ಕದ ನಿನಿಯನ್ ನುಡಿಸ್ತಾನೆ ಅಷ್ಟೆ" ಎಂದು ಬೆರಳು ತೋರಿಸಿ ಹೇಳಿದ್ದಳು. ವಠಾರದಲ್ಲಿ ಊದಿದರೆ ಮೇಲಿನವರು ನೆಲ ಕುಟ್ಟುತ್ತಿದ್ದರು, ಕೆಳಗಿನವರು ಸೂರು ಕುಟ್ಟುತ್ತಿದ್ದರು. ಅಕ್ಕನ ಮನೆಯ ಹಿಂದಿನ ಕೊಟ್ಟಿಗೆಯಲ್ಲಾದರೆ ಕೋಳಿಗಳು ಮಾತ್ರ. ಎರಡು ದಿನಕ್ಕೆ ಅವೂ ಮೊಟ್ಟೆ ಇಡುವುದನ್ನು ನಿಲ್ಲಿಸಿದವು.

ಶನಿವಾರ ಹನ್ನೊಂದೂವರೆಗೆ ಅವನು ಗ್ಲಾಸ್ಗೋದಲ್ಲಿ ರೈಲಿಳಿದಾಗ ಊರೆಲ್ಲ ಮಂಜು. ಹಗಲೋ ಸಂಜೆಯೋ ತಿಳಿಯದಂಥ ಬೆಳಕು. ಸ್ಟೇಷನ್ನಿನ ಹೊರಗೆ ಬಸ್ ಸ್ಟಾಪಿನಲ್ಲಿ ಪೂರ್ತಿ ಬ್ಯಾಂಡಿನ ಪೋಷಾಕಿನಲ್ಲಿ, ಮೊಣಕಾಲು ಬಿಟ್ಟುಕೊಂಡು, ಬಗಲಲ್ಲಿ ಪೈಪು ಇಟ್ಟುಕೊಂಡು ನಿಂತ. ಬಸ್ಸು ಬಂತು. ಓಡಿಸುತ್ತಿದ್ದವನು ಹದಿನೈದು ವರ್ಷದಿಂದ ಡಿಪೋದಲ್ಲಿ ಅವನ ಎದುರು ಕೂತು ಊಟ ಮಾಡಿದ ಶುಗ್. ಡೂಗಲ್ ನಗುತ್ತ ಕೈ ಎತ್ತಿದ.

ಶುಗ್‌ನ ಮುಖ ಹಿಟ್ಟಿನಂತೆ ಬೆಳ್ಳಗಾಯಿತು. ಬಾಯಿ ತೆರೆಯಿತು. ಬಾಗಿಲು ಮಾತ್ರ ತೆರೆಯಲಿಲ್ಲ. ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, ಕೆಂಪು ದೀಪ ಇನ್ನೇನು ಬೀಳುತ್ತದೆ ಎನ್ನುವಾಗ ಬಸ್ಸನ್ನು ಹಾರಿಸಿಕೊಂಡು ಹೋಗಿಬಿಟ್ಟ.

ಸ್ಟಾಪಿನಲ್ಲಿದ್ದ ಮುದುಕಿಯೊಬ್ಬಳು ಡೂಗಲನನ್ನು ಕೆಳಗಿಂದ ಮೇಲಿನವರೆಗೆ ನೋಡಿದಳು. "ಏನಪ್ಪಾ ಮಹರಾಯ, ನಿನ್ನ ಮೊಣಕಾಲು ನೋಡಿ ಬಸ್ಸೇ ಓಡಿಹೋಯ್ತಲ್ಲ!"

"ಅವನು ನನ್ನ ಸ್ನೇಹಿತ, ಅಜ್ಜಿ."

"ಹಂಗಾದ್ರೆ ನಿನ್ನ ಶತ್ರುಗಳ ಬಸ್ಸಿಗೆ ಕಾಯ್ತೀನಿ ನಾನು," ಎಂದು ಮುದುಕಿ ದೂರ ಸರಿದು ನಿಂತಳು.

ಡೂಗಲ್ ಸುರಂಗ ರೈಲು ಹಿಡಿಯಲು ಹೊರಟ. ಮೆಟ್ಟಿಲಿಳಿಯುವಾಗಲೇ ಕೆಳಗಿನಿಂದ ಪಿಟೀಲಿನ ದನಿ ಬರುತ್ತಿತ್ತು. ಓಣಿಯ ತಿರುವಿನಲ್ಲಿ ತೆಳ್ಳಗಿನ ಹುಡುಗಿಯೊಬ್ಬಳು ಕಣ್ಣು ಮುಚ್ಚಿ ನುಡಿಸುತ್ತಿದ್ದಳು. ಅಂಥ ರಾಗವನ್ನು ಡೂಗಲ್ ಎಂದೂ ಕೇಳಿರಲಿಲ್ಲ. ಒದ್ದೆ ಬಟ್ಟೆಯನ್ನು ನಿಧಾನವಾಗಿ ಹಿಂಡಿದಂತೆ ಎದೆಯನ್ನು ಹಿಂಡುತ್ತಿತ್ತು. ಅವನು ನಿಂತುಬಿಟ್ಟ.

"ಬಹಳ ಚೆನ್ನಾಗಿದೆಯಮ್ಮ. ಯಾವುದಿದು?"

ಹುಡುಗಿ ಕಣ್ಣು ತೆರೆಯಲಿಲ್ಲ. "ಹೊಸದು. ಡೂಗಲ್ ಪೆಟಿಗ್ರೂನ ಶೋಕರಾಗ."

ಡೂಗಲನ ಬೆನ್ನಿನ ಮೇಲೆ ಯಾರೋ ಐಸು ಎಳೆದಂತಾಯಿತು. ಪೈಪಿನವರ ಲೋಕದಲ್ಲಿ ಬದುಕಿರುವವನ ಹೆಸರಿನಲ್ಲಿ ನಡಿಗೆಯ ರಾಗ ಕಟ್ಟುತ್ತಾರೆ, ಕುಣಿತದ ರಾಗ ಕಟ್ಟುತ್ತಾರೆ. ಶೋಕರಾಗವನ್ನು ಹೆಣ ಕಾಣದೆ ಯಾರೂ ಕಟ್ಟುವುದಿಲ್ಲ.

"ಯಾವ... ಯಾವ ಪೆಟಿಗ್ರೂ?"

"ಯಾರೋ ಬಸ್ ಡ್ರೈವರಂತೆ, ಗೋವನ್‌ನವರು. ಪೈಪು ನುಡಿಸ್ತಿದ್ರಂತೆ. ಗುರುವಾರ ಹೋಗ್ಬಿಟ್ರಂತೆ ಪಾಪ. ಅವರ ಬ್ಯಾಂಡಿನವರು ಕಟ್ಟಿದ್ದಂತೆ, ನಿನ್ನೆಯಿಂದ ಊರಲ್ಲೆಲ್ಲ ಇದನ್ನೇ ನುಡಿಸ್ತಿದ್ದಾರೆ."

"ಅಲ್ಲಮ್ಮ, ಡೂಗಲ್ ಪೆಟಿಗ್ರೂ ನಾನೇ!"

ಅಷ್ಟರಲ್ಲಿ ರೈಲು ಬಂದ ಗಾಳಿ ಓಣಿಯೊಳಗೆ ನುಗ್ಗಿತು. ಹುಡುಗಿ ಕಣ್ಣು ತೆರೆಯುವಷ್ಟರಲ್ಲಿ ಜನರ ನೂಕಿಗೆ ಸಿಕ್ಕ ಡೂಗಲ್ ಬೋಗಿಯೊಳಗಿದ್ದ. ಬಾಗಿಲು ಮುಚ್ಚಿತು. ಅವಳಿಗೆ ಖಾಲಿ ಓಣಿ ಕಂಡಿತು.

ಡೂಗಲ್ ಕುಸಿದು ಕೂತ. ಎದುರಿನ ಕಿಟಕಿಯ ಗಾಜಿನಲ್ಲಿ ಎಲ್ಲರ ಮುಖವೂ ಕಾಣುತ್ತಿತ್ತು. ತನ್ನ ಮುಖ ಇರಬೇಕಾದಲ್ಲಿ ಬರೀ ಉಸಿರಿನ ಮಸುಕು. ಪಕ್ಕದ ಹೆಂಗಸು ಕೈಯಲ್ಲಿದ್ದ ಚೀಲವನ್ನು ನೋಡದೆಯೇ ಅವನ ತೊಡೆಯ ಮೇಲಿಟ್ಟಳು, ಅಲ್ಲಿ ಯಾರೂ ಇಲ್ಲವೆಂಬಂತೆ.

"ಇವತ್ತು ಮಂಜು ಜಾಸ್ತಿ, ಅಲ್ವಾ?" ಎಂದ ಡೂಗಲ್ ಅವಳಿಗೆ. ಅವಳು ಮೊಬೈಲಿನಿಂದ ತಲೆ ಎತ್ತಲಿಲ್ಲ.

"ಮಂಜು ಜಾಸ್ತಿ," ಎಂದ ಎದುರಿನ ಗಂಡಸಿಗೆ. ಅವನು ಕಣ್ಣು ಮುಚ್ಚಿಕೊಂಡ.

ಡೂಗಲನಿಗೆ ನಿಜವಾಗಿ ದಿಗಿಲಾದದ್ದು ಆಗಲೇ. ಗ್ಲಾಸ್ಗೋದಲ್ಲಿ ಗೊತ್ತಿಲ್ಲದವರಿಗೆ ಹವಾಮಾನದ ಮಾತೆತ್ತಿದರೆ ಮೂರು ಸ್ಟೇಷನ್ನಿನವರೆಗೆ ಬಿಡುವುದಿಲ್ಲ. ಅಜ್ಜನ ಮಂಡಿನೋವಿನಿಂದ ಹಿಡಿದು ಮಗಳ ಮದುವೆಯವರೆಗೆ ಹೇಳಿ ಮುಗಿಸುತ್ತಾರೆ. ಇಬ್ಬರಲ್ಲಿ ಇಬ್ಬರೂ ಉತ್ತರ ಕೊಡಲಿಲ್ಲವೆಂದರೆ ಏನರ್ಥ? ಅವನು ನೆನಪು ಮಾಡಿಕೊಂಡ. ಗುರುವಾರ ದೋಣಿ ಬಹಳ ತೂಗಾಡಿತ್ತು. ಆಮೇಲೆ ಅಕ್ಕ ತನ್ನ ಜೊತೆ ಹೆಚ್ಚು ಮಾತಾಡಿದ್ದಳೇ? ಇಲ್ಲ, ಹತ್ತಿ ಕಿವಿಗಿಟ್ಟುಕೊಂಡು ಅಡುಗೆಮನೆಯಲ್ಲೇ ಇದ್ದಳು. ಕೋಳಿಗಳು? ತನ್ನನ್ನು ಕಂಡರೆ ಕಿರುಚಿಕೊಂಡು ಓಡುತ್ತಿದ್ದವು. ಪ್ರಾಣಿಗಳಿಗೆ ಮೊದಲೇ ಗೊತ್ತಾಗುತ್ತದಂತೆ.

ಯೋಚನೆಯಲ್ಲಿ ಅವನು ಇಳಿಯಬೇಕಿದ್ದ ಗೋವನ್ ಬಂತು, ಹೋಯಿತು. ಆ ರೈಲು ಬಳೆಯಂತೆ ಸುತ್ತುವ ರೈಲು. ಇಳಿಯಲು ಮರೆತವನಿಗೆ ಕೊನೆಯ ನಿಲ್ದಾಣವೆಂಬುದೇ ಇಲ್ಲ. ಬೋಗಿಯ ಜನರೆಲ್ಲ ಬದಲಾದರು, ಮತ್ತೆ ಬದಲಾದರು. ಹತ್ತಿದ್ದ ನಿಲ್ದಾಣವೇ ಮತ್ತೆ ಬಂತು. ತೆರೆದ ಬಾಗಿಲಿನಿಂದ ಅದೇ ರಾಗ ಒಳಗೆ ಬಂದು ಅವನ ಪಕ್ಕದ ಖಾಲಿ ಸೀಟಿನಲ್ಲಿ ಕೂತಂತಾಯಿತು. ಸತ್ತಮೇಲೆ ಹೀಗೆಯೇ ಇರುತ್ತದೋ ಏನೋ ಎಂದುಕೊಂಡ ಡೂಗಲ್. ಇಪ್ಪತ್ತೆರಡು ವರ್ಷ ಕಾದು, ನುಡಿಸುವ ಎರಡು ದಿನ ಮೊದಲು ಸಾಯುವುದೆಂದರೆ! ಸಾವಿಗಿಂತ ಆ ಒಂದೂವರೆ ನಿಮಿಷ ನಿನಿಯನ್‌ನ ಪಾಲಾಗುತ್ತದಲ್ಲ ಎಂಬುದೇ ಅವನನ್ನು ಸೀಟಿನಿಂದ ಎಬ್ಬಿಸಿತು. ಎರಡನೆಯ ಸುತ್ತಿನಲ್ಲಿ ಗೋವನ್‌ನಲ್ಲಿ ಹಾರಿ ಇಳಿದ. ಗಂಟೆ ಒಂದಕ್ಕೆ ಹದಿಮೂರು ನಿಮಿಷ ಇತ್ತು.

ಸ್ಪರ್ಧೆಯ ಸಭಾಂಗಣಕ್ಕೆ ಹೋಗುವ ದಾರಿಯಲ್ಲೇ ಅವನ ವಠಾರ. ಉನಾಗೆ ಫೋನು ಮಾಡಿ "ಬರ್ತಿದ್ದೀನಿ, ನಿಲ್ಲಿಸು" ಎನ್ನೋಣವೆಂದು ಮೊಬೈಲಿಗಾಗಿ ಮೆಟ್ಟಿಲು ಹತ್ತಿದ. ಮೂರನೆಯ ಮಹಡಿಯಲ್ಲಿ ಅವನ ಕಾಲು ನಿಂತುಹೋಯಿತು. ಅವನ ಬಾಗಿಲ ಮುಂದೆ ಬಿಳಿ ಲಿಲ್ಲಿ ಹೂಗಳ ರಾಶಿ. ಒಂದು ಚೀಟಿಯಲ್ಲಿ ಬರೆದಿತ್ತು: "ಕೊನೆಗೂ ನೆಮ್ಮದಿ. ಕೆಳಗಿನ ಮನೆಯವರು." ನೆಮ್ಮದಿ ಯಾರಿಗೆಂದು ಬರೆದಿರಲಿಲ್ಲ. ಬಾಗಿಲ ಸಂದಿಯಿಂದ ಬೆಕ್ಕು ಅವನನ್ನು ನೋಡಿ ಬೆನ್ನು ಕಮಾನು ಮಾಡಿ ಬುಸ್ಸೆಂದಿತು.

ಒಳಗಿನಿಂದ ಸೆಂಗಾ ಹಾಲಿನ ಬಟ್ಟಲು ಹಿಡಿದು ಬಂದಳು. ಡೂಗಲ್ ಅವಳ ಎರಡೂ ಭುಜ ಹಿಡಿದುಕೊಂಡ.

"ಸೆಂಗಾ, ನಿಜ ಹೇಳು. ನಾನು ನಿನ್ನ ಕಣ್ಣಿಗೆ ಕಾಣ್ತಿದ್ದೀನಾ?"

"ಬೇಕಾದ್ದಕ್ಕಿಂತ ಜಾಸ್ತೀನೇ ಕಾಣ್ತಿದ್ದೀಯ. ಆ ಕಾಲು ಮುಚ್ಕೋ, ಶೀತ ಆಗತ್ತೆ."

"ನಾನು ಸತ್ತಿಲ್ವಾ?"

"ಸತ್ತಿದ್ರೆ ನನ್ನ ಭುಜ ಹಿಂಗೆ ನೋಯ್ತಿತ್ತಾ? ಬಿಡೋ ಮಾರಾಯ!"

ಅವಳ ಬೈಗುಳ ಕೇಳಿ ಡೂಗಲನಿಗೆ ಕಣ್ಣೀರೇ ಬಂತು. "ಹಾಗಾದ್ರೆ ಈ ಹೂವು? ಆ ಶೋಕರಾಗ? ಊರೆಲ್ಲ ಯಾಕೆ ನಾನು ಸತ್ತೆ ಅಂತಿದೆ?"

"ನಂಗೇನು ಗೊತ್ತು? ನಿಮ್ಮ ಬ್ಯಾಂಡಿನ ಹೆಂಗಸು ಫೋನ್ ಮಾಡಿದ್ಳು ಗುರುವಾರ. ನಾನೇ ಎತ್ತಿದೆ. 'ಡೂಗಲ್ ಇಲ್ವಾ?' ಅಂದ್ಳು. 'ಹೋಗ್ಬಿಟ್ನಮ್ಮ, ಬೆಳಿಗ್ಗೇನೇ ಹೋಗ್ಬಿಟ್ಟ, ಪಾಪ ಟೀ ಕೂಡ ಪೂರ್ತಿ ಕುಡೀಲಿಲ್ಲ' ಅಂದೆ. 'ಅಯ್ಯೋ, ಹೆಂಗೆ?' ಅಂದ್ಳು. 'ಹೆಂಗೇನು, ಎದ್ದ, ಹೊರಟೇಬಿಟ್ಟ. ಅವರಕ್ಕನ ಹತ್ರ ಹೋದ. ಇನ್ನು ಅಲ್ಲಿ ಎಷ್ಟು ಬೇಕಾದ್ರೂ ಊದ್ಕೊಳ್ಲಿ, ಇಲ್ಲಿ ನಾವು ನೆಮ್ಮದಿಯಾಗಿರ್ತೀವಿ' ಅಂದೆ. ಯಾಕೋ ಅತ್ತುಬಿಟ್ಳು ಕಣೋ. ಒಳ್ಳೆ ಹೆಂಗಸು."

ಡೂಗಲ್ ಮೊಬೈಲಿಗೆ ಕೈ ಹಾಕಿದ. ಎರಡು ದಿನದ ಹಿಂದೆಯೇ ಅದರ ಪ್ರಾಣ ಹೋಗಿತ್ತು. ಮೆಟ್ಟಿಲುಗಳನ್ನು ಮೂರು ಮೂರಾಗಿ ಹಾರಿ ಓಡಿದ. ಪೈಪಿನ ಚೀಲ ಬಗಲಲ್ಲಿ ಅಮುಕಿಸಿಕೊಂಡು, ಹೆಜ್ಜೆಗೊಂದು ಸಲ ಕತ್ತು ಹಿಸುಕಿದ ಬಾತುಕೋಳಿಯಂತೆ ಕೂಗುತ್ತಿತ್ತು. ಮಂಜಿನಲ್ಲಿ ಆ ಕೂಗು ಕೇಳಿದ ಇಬ್ಬರು ಹೆಂಗಸರು ಅಂಗಡಿಯೊಳಗೆ ಹೊಕ್ಕು ಬಾಗಿಲು ಹಾಕಿಕೊಂಡರು.

ಸಭಾಂಗಣದ ಬಾಗಿಲು ತಳ್ಳಿದಾಗ ಒಂದೂ ಹತ್ತು. ಒಳಗೆ ನಾನೂರು ಜನ ಟೋಪಿ ತೆಗೆದು, ತಲೆ ತಗ್ಗಿಸಿ ನಿಂತಿದ್ದರು. ವೇದಿಕೆಯ ಮೇಲೆ ಡಿಪೋ ಬ್ಯಾಂಡು ಸುಮ್ಮನಿತ್ತು. ಹಿಂದಿನ ಸಾಲಿನ ಎಡತುದಿಯಲ್ಲಿ ಒಬ್ಬನ ಜಾಗ ಖಾಲಿ ಬಿಟ್ಟು, ಮುಂದೆ ನಿನಿಯನ್ ಒಬ್ಬನೇ ನಿಂತು ಅದೇ ರಾಗ ನುಡಿಸುತ್ತಿದ್ದ. ಅವನ ಕೆನ್ನೆಯ ಮೇಲೆ ನಿಜವಾದ ನೀರು ಇಳಿಯುತ್ತಿತ್ತು. ನಿಲ್ಲಿಸಿ ಎಂದು ಕೂಗಲು ಬಂದ ಡೂಗಲ್ ಟೋಪಿ ತೆಗೆದ. ಗೋಡೆಗೆ ಒರಗಿ ಅವನೂ ಅತ್ತ. ತನ್ನ ಸಾವು ಇಷ್ಟು ಚೆನ್ನಾಗಿರುತ್ತದೆಂದು ಅವನು ಅಂದುಕೊಂಡಿರಲಿಲ್ಲ.

ಇಡೀ ಸ್ಪರ್ಧೆಯಲ್ಲಿ ಅವರದೇ ಕೊನೆಯ ಬ್ಯಾಂಡು. ತೀರ್ಪುಗಾರರು ಐದೇ ನಿಮಿಷದಲ್ಲಿ ಗೆಲುವಿನ ಕಪ್ ಅವರಿಗೇ ಎಂದರು. ಬ್ಯಾಂಡಿನವರು ಕಪ್ ಹೊತ್ತು ಪಕ್ಕದ ಕೋಣೆಗೆ ಬಂದರು. ಅಲ್ಲಿ ಡೂಗಲ್ ನಿಂತಿದ್ದ. ಡೋಲಿನವನ ಕೈಯಿಂದ ಕೋಲು ಬಿತ್ತು. ನಿನಿಯನ್ ಗೋಡೆ ಹಿಡಿದು ಕೆಳಗೆ ಕೂತ.

ಉನಾ ಮಾತ್ರ ಹತ್ತಿರ ಬಂದು ಅವನ ಕೆನ್ನೆ ಚಿವುಟಿ ನೋಡಿದಳು. "ಬದುಕಿದ್ದೀಯೇನೋ?"

"ಅಕ್ಕನ ಮನೆಗೆ ಹೋಗಿದ್ದೆ!"

"ನಿನ್ನಕ್ಕ ಯಾವತ್ತೋ ಸತ್ತಳು ಅಂದ್ಕೊಂಡಿದ್ದೆನಲ್ಲೋ ನಾನು!" ಉನಾ ಅವನನ್ನು ತಬ್ಬಿಕೊಂಡು ಅತ್ತಳು, ನಕ್ಕಳು. ಆಮೇಲೆ ಬಾಗಿಲ ಕಡೆ ನೋಡಿ ಅವಳ ಮುಖ ಬಿಳಿಚಿಕೊಂಡಿತು. "ಎಂಥ ಹೊತ್ತಲ್ಲಿ ಬದುಕಿದೆ ಮಾರಾಯ! ಹದಿನೇಳು ವರ್ಷದಿಂದ ಕೊನೇ ಸ್ಥಾನ ನಮ್ಮದು. ಬದುಕಿರೋನನ್ನ ಸತ್ತ ಅಂತ ಹೇಳಿ ಕಪ್ ಹೊಡ್ಕೊಂಡ್ರು ಅಂದ್ರೆ ಊರಲ್ಲಿ ಮುಖ ಎತ್ಕೊಂಡು ಓಡಾಡೋ ಹಾಗಿಲ್ಲ. ಇವತ್ತೊಂದಿನ ಸುಮ್ನಿರೋ. ನಿನ್ನ ಕಾಲಿಗೆ ಬೀಳ್ತೀನಿ."

"ಸುಮ್ನಿರೋದು ಅಂದ್ರೆ?"

ಉತ್ತರ ಕೊಡಲು ಸಮಯವಿರಲಿಲ್ಲ. ಮುಖ್ಯ ತೀರ್ಪುಗಾರರಾದ ಮುದುಕ ಗಿಲ್‌ಕ್ರಿಸ್ಟ್ ಕೋಲೂರಿಕೊಂಡು ಒಳಗೆ ಬಂದಿದ್ದರು. ಪೈಪಿನ ವಿಷಯದಲ್ಲಿ ಅವರ ಕಿವಿಗೆ ಎದುರಿಲ್ಲವೆಂದು ದೇಶಕ್ಕೆ ದೇಶವೇ ಒಪ್ಪುತ್ತಿತ್ತು. ಅವರು ಡೂಗಲನ ಕೆಂಪು ಕಣ್ಣುಗಳನ್ನು ನೋಡಿದರು.

"ಇವರು ಡೂಗಲನ ತಮ್ಮ," ಎಂದುಬಿಟ್ಟಳು ಉನಾ.

ಮುದುಕ ಎರಡೂ ಕೈಯಿಂದ ಅವನ ಕೈ ಹಿಡಿದುಕೊಂಡರು. "ನಿಮ್ಮಣ್ಣನ ವಾದನ ನಾನು ಕೇಳಿದ್ದೀನಪ್ಪ. ಅಂಥ ಬೆರಳು ನೂರು ವರ್ಷಕ್ಕೊಂದು. ಹಿಂದಿನ ಸಾಲಲ್ಲಿ ನಿಂತಿದ್ರೂ ಅವರೊಬ್ಬರ ದನಿಯೇ ನನಗೆ ಬೇರೆಯಾಗಿ ಕೇಳ್ತಿತ್ತು." ಅವರ ಕಣ್ಣು ಅವನ ಬಗಲಿಗೆ ಹೋಯಿತು. "ನೀವೂ ನುಡಿಸ್ತೀರಿ ಅನ್ಸತ್ತೆ, ಬಗಲಲ್ಲಿ ಪೈಪಿದೆ. ಅವರ ಆತ್ಮಕ್ಕೋಸ್ಕರ ಒಮ್ಮೆ ಆ ರಾಗ ನುಡಿಸಿ. ನೀವೊಬ್ಬರೇ."

ನಿನಿಯನ್ ಕೂಡ ಎದ್ದು ನಿಂತ. ಕಿಟಕಿಯ ಹೊರಗೆ ಮಂಜು ಮುಖವಿಟ್ಟು ನೋಡುತ್ತಿದ್ದಂತಿತ್ತು. ಡೂಗಲ್ ಚೀಲಕ್ಕೆ ಉಸಿರು ತುಂಬಿದ. ಬೆಳಗಿನಿಂದ ತನ್ನ ಬೆನ್ನು ಹತ್ತಿದ್ದ ರಾಗವನ್ನು ಬೆರಳಿಗೆ ಕರೆದ. ದೋಣಿಯ ತೂಗಾಟ, ಖಾಲಿ ಸೀಟು, ಬಾಗಿಲ ಮುಂದಿನ ಲಿಲ್ಲಿ, ಇಪ್ಪತ್ತೆರಡು ವರ್ಷದ ಎಡತುದಿ, ಎಲ್ಲವನ್ನೂ ಅದರೊಳಗೆ ಊದಿದ. ಒಂದೂವರೆ ನಿಮಿಷ. ಜೀವಮಾನದಲ್ಲೇ ಅವನು ಅಷ್ಟು ಚೆನ್ನಾಗಿ ನುಡಿಸಿರಲಿಲ್ಲ.

ಕೊನೆಯ ಸ್ವರ ಆರಿತು. ಗಿಲ್‌ಕ್ರಿಸ್ಟ್ ನಿಧಾನವಾಗಿ ಹತ್ತಿರ ಬಂದು, ಮಗುವಿಗೆ ಸಮಾಧಾನ ಹೇಳುವಂತೆ ಅವನ ಬೆನ್ನು ತಟ್ಟಿದರು.

"ಬೇಜಾರು ಮಾಡ್ಕೋಬೇಡಿಪ್ಪ. ಆ ಕೈ ಒಂದು ಮನೆಯಲ್ಲಿ ಒಬ್ಬರಿಗೇ ಬರೋದು. ನಿಮ್ಮಣ್ಣ ಬದುಕಿದ್ದಿದ್ರೆ ಇದನ್ನ ಹೇಗೆ ನುಡಿಸ್ತಿದ್ರು ಅಂತೀರಿ!"

ಡೂಗಲ್ ತಲೆಯಾಡಿಸಿದ. ತಾನು ಬದುಕಿದ್ದಿದ್ದರೆ ಇನ್ನೂ ಚೆನ್ನಾಗಿ ನುಡಿಸುತ್ತಿದ್ದೆನೇನೋ ಎಂದು ಅವನಿಗೂ ಅನ್ನಿಸಿತು.