ಕಾಕಾನ ಆರು ಮಕ್ಕಳಿಗೊಬ್ಬ ಕಾವಲುಗಾರ

ರೊಟ್ಟಿಗೆ ನೆಂಚಿಕೊಳ್ಳಲು ಒರಳಲ್ಲಿ ಶೇಂಗಾ ಹಿಂಡಿ ಕುಟ್ಟುತ್ತಿದ್ದಾಗ ಆ ಸುದ್ದಿ ಬಂತು: ನಮ್ಮ ಕಾಕಾನ ಆರೂ ಮಕ್ಕಳಿಗೆ ಕಾವಲು ಹಾಕುತ್ತಾರಂತೆ!

ಕಾಕಾ ಅಂದರೆ ನಮ್ಮ ಯಜಮಾನರ ಚಿಕ್ಕಪ್ಪ. ನಮ್ಮ ಜೊತೆಯಲ್ಲೇ ಇರುತ್ತಾರೆ. ಲಗ್ನವಾಗಿಲ್ಲ. ಲಗ್ನವಾಗದವರಿಗೆ ಆರು ಮಕ್ಕಳು ಹೇಗೆ ಎಂದು ಹುಬ್ಬೇರಿಸಬೇಡಿ, ಕಾಕಾ ಬಲು ಸಂಭಾವಿತರು. ಆ ಮಕ್ಕಳು ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ, ಬೆಳೆದದ್ದು ಶಹಾಪುರದ ಕಾಲುವೆ ಕಚೇರಿಯ ಹಿಂದಿನ ಕೋಣೆಯಲ್ಲಿ. ಸರ್ವರ್ ಎಂಬ ಕರಿಯ ಕಂಪ್ಯೂಟರ್ ಪೆಟ್ಟಿಗೆಗಳು. ಬೇಸಿಗೆಯಲ್ಲಿ ನಾವೆಲ್ಲ ಹಪ್ಪಳದ ಹಾಗೆ ಸುಟ್ಟುಕೊಳ್ಳುತ್ತಿದ್ದರೆ ಅವಕ್ಕೆ ಹಗಲೂ ರಾತ್ರಿ ಎ.ಸಿ.! 'ಹಿರೀದು', 'ಮೂರನೇದು', 'ಸಣ್ಣದು' ಎಂದೇ ಕಾಕಾ ಅವನ್ನು ಕರೆಯುವುದು. ಒಮ್ಮೆ ಹಬ್ಬದ ಊಟಕ್ಕೆ ಕೂತವರು ಅರ್ಧ ಹೋಳಿಗೆ ಬಿಟ್ಟು ಎದ್ದು, "ಸಣ್ಣದಕ್ಕ ಮೈ ಬಿಸಿ ಆಗ್ಯದಂತವ್ವಾ!" ಎಂದು ಓಡಿಬಿಟ್ಟರು. ಪಕ್ಕದ ಮನೆಗೆ ಹೊಸದಾಗಿ ಬಂದಿದ್ದ ಹೆಣ್ಣುಮಗಳು ಪಾಪ, ಮಗುವಿಗಿರಲಿ ಎಂದು ಜ್ವರದ ಔಷಧಿಯ ಬಾಟಲಿ ತಂದುಕೊಟ್ಟಳು!

ಆದರೆ ಆ ಮಕ್ಕಳು ಮಾಡುವ ಕೆಲಸ ಆಟದ್ದಲ್ಲ. ಕಾಲುವೆಗೆ ನೀರು ಬಿಟ್ಟಾಗ ಯಾವ ಊರಿನ ಪಾಳಿ ಯಾವಾಗ, ಯಾವ ತೂಬು ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ಲೆಕ್ಕ ಹಾಕಿ ರೈತರ ಫೋನಿಗೆ ಸಂದೇಶ ಕಳಿಸುವುದು ಅವೇ. ಸಂದೇಶ ತಡವಾದರೆ ಮೇಲಿನ ಊರಿನವರಿಗೇನೂ ನಷ್ಟವಿಲ್ಲ, ನೀರು ಅವರ ಮನೆ ಮುಂದೆಯೇ ಹರಿಯುತ್ತದೆ. ಕಷ್ಟವೆಲ್ಲ ಟೇಲ್‌ಎಂಡಿನವರಿಗೆ, ಅಂದರೆ ಕಾಲುವೆಯ ಬಾಲದ ತುದಿಯ ಹೊಲದವರಿಗೆ. ಹೋದ ಸಲ ನೀರು ಬಿಟ್ಟ ದಿನವೇ ಯಂತ್ರಗಳು ಗಂಟಲಿಗೆ ಕಡುಬು ಸಿಕ್ಕವರಂತೆ ಉಸಿರುಕಟ್ಟಿ ನಿಂತವು. ಟೇಲ್‌ಎಂಡಿನವರಿಗೆ ಸಂದೇಶ ಮುಟ್ಟುವ ಹೊತ್ತಿಗೆ ಅವರ ಪಾಳಿ ಮುಗಿದುಹೋಗಿತ್ತು.

ಈ ಸಲ ಯಾದಗಿರಿಯಿಂದ ಹೊಸ ಮೇಡಂ ಅಧಿಕಾರಿಯಾಗಿ ಬಂದಿದ್ದರು. ಅವರು ಕಾಕಾನನ್ನು ಕರೆದು, ಯಂತ್ರಗಳು ಎಷ್ಟು ಚುರುಕಾಗಿ ಕೆಲಸ ಮಾಡುತ್ತವೆ, ಎಲ್ಲಿ ಎಡವುತ್ತವೆ ಎಂದು ಒಳಗೇ ಕೂತು ನೋಡುವ ಒಂದು ಸಾಫ್ಟ್‌ವೇರ್ ಬರುತ್ತದೆ, ನೀರು ಬಿಡಲು ಎಂಟು ದಿನವಿದೆ, ಅಷ್ಟರಲ್ಲಿ ಆರನ್ನೂ ತಯಾರು ಮಾಡಿ ಅದನ್ನು ಕೂರಿಸಿ ಎಂದರಂತೆ. ಈ ಸಲವೂ ನಿಂತರೆ ಯಂತ್ರಗಳು ಹೊರಗಿನ ಕಂಪನಿಯ ಕೈಗೆ, ಕಾಕಾ ಸ್ಟೋರ್ ರೂಮಿಗೆ.

"ಸ್ಟೋರಿನ್ಯಾಗ ಏನ್ ಕೆಲಸ್ರೀ ಕಾಕಾ?" ಎಂದೆ ಒನಕೆ ಕೆಳಗಿಟ್ಟು.

"ಹಳೇ ಗೇಟಿನ ಬೋಲ್ಟ್ ಎಣಿಸೋದು. ರಿಟೈರ್ ಆಗಾಕ ಎರಡು ವರ್ಷ ಅದ. ಎರಡು ವರ್ಷ ಬೋಲ್ಟ್ ಎಣಿಸ್ಕೋತ ಕುಂದರ್ಲೇನವ್ವಾ ನಾ?"

ಕಾಕಾನ ಮುಖ ನೋಡಿ ನನಗೆ ನಗು ಬರಲಿಲ್ಲ. ಇಪ್ಪತ್ತು ವರ್ಷ ಸುರಪುರದ ಕಡೆ ಕಾಲುವೆ ದಂಡೆಯಲ್ಲಿ ಬಿಸಿಲುಮಳೆ ಎನ್ನದೆ ನೀರಿನ ಮಟ್ಟ ಓದಿ ಬರೆದವರು. ಕಂಪ್ಯೂಟರ್ ಬಂದಾಗ ಆಫೀಸಿನ ಎಳೆಯರೇ ಹೆದರಿ ಹಿಂದೆ ಸರಿದರೆ, ಕಾಕಾ ಪಾಟಿ ಹಿಡಿದ ಹುಡುಗನ ಹಾಗೆ ಮುಂದೆ ಕೂತು ಕಲಿತರು. ಅವರಿಗಿರುವ ಸಂಸಾರ ಅದೊಂದೇ.

"ಅದಕ್ಯಾಕ ಇಷ್ಟು ಚಿಂತಿ? ಆ ಕಾವಲುಗಾರನ್ನ ಇವತ್ತ ಕೂಡ್ರಿಸಿಬಿಡ್ರಿ" ಎಂದೆ ಸಮಾಧಾನಕ್ಕೆ.

ತಗೋ! ಕಾಕಾ ಸಿಡಿದರು. "ಕೂಡ್ರಿಸಿಬಿಡ್ರಿ ಅಂತಾಳ! ನಿಮ್ಮ ಮನಿಗೆ ಬೀಗರು ಬರೋ ಮುಂದ ಹಂಗ ಬಾಗಿಲಾ ತಗದು ಸುಮ್ನ ನಿಂದರ್ತೀಯೇನು? ಮಲಗಾಕ ಜಾಗಾ ಅದನೋ ಇಲ್ಲೋ ನೋಡಂಗಿಲ್ಲ? ಹಿಟ್ಟು ಸಾಲತದನೋ ಇಲ್ಲೋ ನೋಡಂಗಿಲ್ಲ? ಕಾವಲುಗಾರಗೂ ಯಂತ್ರದಾಗ ಜಾಗಾ ಬೇಕು, ಮೆಮರಿ ಬೇಕು, ಸುದ್ದಿ ಹೊರಗ ಕಳಿಸಾಕ ಒಂದು ಕಿಂಡಿ ಬೇಕು. ಅವ ಬಂದು ಉಂಡು, ಮನಿಯವರೇ ಉಪಾಸ ಬಿದ್ರ?"

ಹೀಗೆ ಶುರುವಾಯಿತು ತಯಾರಿ. ಆಫೀಸಿನಲ್ಲಿ ಆದರೆ ನನಗೇನು? ಕಾಕಾ ಮೊದಲ ಪರೀಕ್ಷೆ ಮಾಡಿದ್ದು ನಮ್ಮ ಮನೆಯಲ್ಲಿ!

ಮರುದಿನ ಬೆಳಿಗ್ಗೆ ನಾನು ರೊಟ್ಟಿ ಬಡಿಯಲು ಕೂತರೆ ಎದುರಿಗೆ ಕಾಕಾ, ಕೈಯಲ್ಲಿ ನೋಟ್‌ಬುಕ್ಕು, ಮುಂಗೈಯಲ್ಲಿ ಗಡಿಯಾರ. ಯಂತ್ರ ನೆಟ್ಟಗಿದ್ದಾಗ ಹೇಗೆ ನಡೆಯುತ್ತದೆ ಎಂದು ಮೊದಲೇ ಬರೆದುಕೊಂಡಿರಬೇಕಂತೆ, ಇಲ್ಲದಿದ್ದರೆ ಸೊಟ್ಟಗಾದದ್ದು ತಿಳಿಯುವುದಿಲ್ಲವಂತೆ. ಅದಕ್ಕೆ ರೂಢಿಯಾಗಲಿ ಎಂದು ನನ್ನ ರೊಟ್ಟಿಯ ವೇಗ ಬರೆಯುತ್ತಾರಂತೆ! ಮೊದಲ ರೊಟ್ಟಿ ಇಷ್ಟು ಸೆಕೆಂಡು, ಎರಡನೆಯದು ಇಷ್ಟು. ಯಾರಾದರೂ ಹಾಗೆ ಕಣ್ಣು ಕೀಲಿಸಿ ಕೂತರೆ ಕೈ ಓಡುತ್ತದೆಯೇ? ಐದನೆಯ ರೊಟ್ಟಿ ಹರಿಯಿತು. ಆರನೆಯದು ಹಂಚಿನ ಮೇಲೆ ಕರ್ರಗಾಯಿತು.

"ಕಾಕಾ, ನೀವು ಬಂದು ಕುಂತ ಮ್ಯಾಲ ನನ್ನ ಕೆಲಸ ನಿಧಾನ ಆಗ್ಯದ. ಏಳ್ರಿ ಇಲ್ಲಿಂದ!"

ಕಾಕಾ ಎದ್ದು ಕುಣಿಯುವುದೊಂದು ಬಾಕಿ. "ಬರೋಬ್ಬರಿ! ನೋಡಾಕ ಕುಂತವನಿಂದನೂ ಕೆಲಸಾ ನಿಧಾನ ಆಗ್ತದ! ಇದನ್ನ ಬರಕೋತೀನಿ. ಆರೂ ಯಂತ್ರಕ್ಕ ಒಮ್ಮೆಲೇ ಹಾಕಬಾರದು, ಮೊದಲು ಸಣ್ಣದಕ್ಕ ಹಾಕಿ ನೋಡಬೇಕು!"

ನನ್ನ ಎರಡು ರೊಟ್ಟಿ ಹೋದವು, ಕಾಕಾಗೆ ಜ್ಞಾನ ಬಂತು. ಹಿಟ್ಟು ಇನ್ನೂ ಡಬ್ಬಿ ತುಂಬ ಇತ್ತಲ್ಲ, ಅದೇ ದೇವರ ಉಪಕಾರ. ನಾನು ದೇವರಿಗೆ ದೊಡ್ಡ ಅರ್ಜಿ ಹಾಕುವವಳಲ್ಲ. ನಲ್ಲಿಗೆ ನೀರು ಬಂದರೆ ಒಂದು ನಮಸ್ಕಾರ, ಹಾಲು ಒಡೆಯದಿದ್ದರೆ ಇನ್ನೊಂದು.

ಆಮೇಲೆ ಬಂತು ಕೀಲಿಕೈಯ ಪ್ರಶ್ನೆ. ಕಾವಲುಗಾರನಿಗೆ ಬೇರೆಯದೇ ಹೆಸರು, ಬೇರೆಯದೇ ಪಾಸ್‌ವರ್ಡ್ ಕೊಡಬೇಕಂತೆ. ಊಟಕ್ಕೆ ಕೂತಾಗ ಕಾಕಾ ನಮ್ಮ ಯಜಮಾನರಿಗೆ ಬಿಡಿಸಿ ಹೇಳಿದರು: "ಅವ ಎಲ್ಲಾ ಕೋಣಿಗೂ ಹೋಗಬಹುದು, ಎಲ್ಲಾ ನೋಡಬಹುದು. ಆದ್ರ ಒಂದು ಡಬ್ಬಿ ಮುಚ್ಚಳಾನೂ ತಗೀಬಾರದು, ಏನೂ ಸರಸಬಾರದು, ಯಾರಿಗೂ ಹಿಂಗ ಮಾಡ್ರಿ ಅನಬಾರದು."

ಯಜಮಾನರು ತುತ್ತು ಬಾಯಿಗಿಡದೆ ನನ್ನ ಕಡೆ ನೋಡಿ, "ಕಾಕಾ, ಈ ಮನ್ಯಾಗ ನಂದೂ ಇದೇ ಪರಿಸ್ಥಿತಿ ಅದ" ಎಂದರು!

ಅಬ್ಬೆತುಮಕೂರಿನ ಮಠದಿಂದ ತಂದ ವಿಭೂತಿ ಮನೆಯಲ್ಲಿತ್ತು. ಆರು ಚಿಕ್ಕ ಪೊಟ್ಟಣ ಕಟ್ಟಿ, "ಒಂದೊಂದಕ್ಕೂ ಒಂದೊಂದು ಬೊಟ್ಟು ಹಚ್ಚರಿ" ಎಂದು ಕೊಟ್ಟೆ. ಕಾಕಾ ಪೊಟ್ಟಣಗಳನ್ನು ಕಣ್ಣಿಗೊತ್ತಿಕೊಂಡರು, ಆದರೆ ಒಯ್ಯಲಿಲ್ಲ. "ಯಂತ್ರದೊಳಗ ಧೂಳು ಹೋಗಬಾರದವ್ವಾ. ಆರೂ ಮಂದೀದು ನಾನೇ ಹಚ್ಕೋತೀನಿ" ಎಂದು ಆರೂ ಪೊಟ್ಟಣ ಬಿಚ್ಚಿ ಹಣೆಗೆ ಬಳಿದುಕೊಂಡರು. ಸುಣ್ಣ ಹೊಡೆದ ಗೋಡೆಯಂಥ ಹಣೆ ಹೊತ್ತು ಆಫೀಸಿಗೆ ಹೋದವರನ್ನು ಗೇಟಿನಲ್ಲಿದ್ದವರು ಗುರುತೇ ಹಿಡಿಯದೆ ಹೆಸರು ಬರೆಸಿಕೊಂಡರಂತೆ!

ಅಂತೂ ಆರು ದಿನದಲ್ಲಿ ಜಾಗ ಆಯಿತು, ಮೆಮರಿ ಆಯಿತು, ಕಿಂಡಿ ಆಯಿತು, ಕೀಲಿಕೈ ಆಯಿತು. ಸಣ್ಣದಕ್ಕೆ ಕಾವಲುಗಾರನನ್ನು ಹಾಕಿ ನೋಡಿದ್ದೂ ಆಯಿತು. ಉಳಿದದ್ದು ಮಿಕ್ಕವಕ್ಕೂ ಹಾಕಿ, ಒಂದೊಂದನ್ನೇ ನಿಲ್ಲಿಸಿ ಮತ್ತೆ ಚಾಲೂ ಮಾಡುವುದು. ಅದು ಸೋಮವಾರ ಬೆಳಿಗ್ಗೆ. ನಾನು ತಡೆಯಲಾರದೆ, "ಕಾಕಾ, ರಾಹುಕಾಲ ಕಳದು ಹೋಗ್ರಿ" ಎಂದೆ.

"ಯಂತ್ರಕ್ಕೆಂಥಾ ರಾಹುಕಾಲ? ನಿಂದೊಂದು!" ಎಂದು ನಕ್ಕರು. ಒಂದು ಚಪ್ಪಲಿ ಮೆಟ್ಟಿದರು. ಇನ್ನೊಂದು ಮೆಟ್ಟುತ್ತ, "ಅಂದಂಗ, ಎಷ್ಟಕ್ಕ ಮುಗೀತದದು?" ಎಂದರು!

"ಒಂಬತ್ತಕ್ಕರಿ."

ಗೋಡೆ ಗಡಿಯಾರ ನೋಡಿ, "ಒಂಬತ್ತು ಆಗೇ ಹೋತಲ್ಲ, ಹೊಂಟೆ" ಎಂದರು.

"ನಿಂದರ್ರಿ ಕಾಕಾ, ಇನ್ನಾ ಹತ್ತು ನಿಮಿಷ ಅದ. ನಮ್ಮ ಗಡಿಯಾರ ಹತ್ತು ನಿಮಿಷ ಮುಂದ ಅದಲ್ಲ! ಯಾದಗಿರಿ ಸ್ಟೇಶನ್ನಿಗೆ ಹೋಗೋರಿಗೆ ರೈಲು ತಪ್ಪಬಾರದಂತ ನೀವೇ ಇಟ್ಟದ್ದು."

ನಮ್ಮ ಕಡೆ ಯಾವ ಮನೆಯ ಗಡಿಯಾರ ಸರಿಯಾಗಿರುತ್ತದೆ ಹೇಳಿ? ಹತ್ತು ನಿಮಿಷ ಮುಂದಿಡುವುದು, ಆಮೇಲೆ ಮನಸ್ಸಿನಲ್ಲಿ ಹತ್ತು ಕಳೆಯುವುದು. ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಕಾಕಾ ಹೊಸ್ತಿಲ ಮೇಲೆ ಹಾಗೇ ನಿಂತುಬಿಟ್ಟರು. ಆಮೇಲೆ ಮೆಟ್ಟಿದ್ದ ಚಪ್ಪಲಿ ಕಳಚಿ ಒಳಗೆ ಬಂದು ನೆಲದ ಮೇಲೆ ಕೂತರು. ಮುಖ ಬಿಳಿಚಿಕೊಂಡಿತ್ತು. ನಾನು ಗಾಬರಿಯಾಗಿ ನೀರು ತಂದೆ.

"ಮೂರನೇದರ ಗಡಿಯಾರ ನಾನೇ ಮುಂದ ಇಟ್ಟೀನವ್ವಾ."

"ಹಾಂ?"

"ಹೋದ ಸಲ ನೀರು ಬಿಡೋ ಮುಂದ ಇಟ್ಟೆ. ಸಂದೇಶ ಕಳಿಸೋದು ಮೂರನೇದು. ಅದರ ಗಡಿಯಾರ ಹತ್ತು ನಿಮಿಷ ಮುಂದ ಇದ್ರ ಟೇಲ್‌ಎಂಡಿನವರಿಗೆ ಹತ್ತು ನಿಮಿಷ ಮೊದಲ ಸುದ್ದಿ ಮುಟ್ಟತದಂತ. ಇಟ್ಟು ಮರತೇಬಿಟ್ಟೆ. ಕಾವಲುಗಾರನ್ನ ಕೂಡ್ರಿಸೋ ಮುಂದ ಏನೇನು ನೋಡಬೇಕು ಅನ್ನೋ ಪಟ್ಟಿ ಒಳಗ 'ಆರೂ ಗಡಿಯಾರ ಒಂದೇ ಸಮ ಇರಬೇಕು' ಅಂತ ಅದ. ನಾನೇ ಇಟ್ಟ ಗಡಿಯಾರ, ಅದರಾಗ ನೋಡೋದೇನದ ಅಂತ ದಿನಾ ಸುಮ್ನ ನೋಡೀನಂತ ಗೀಟು ಹಾಕಾಕತ್ತಿದ್ದೆ."

ಆಮೇಲೆ ನನಗೆ ತಿಳಿಯುವ ಹಾಗೆ ಹೇಳಿದರು. ಮೂರನೆಯದು ಮಿಕ್ಕವಕ್ಕೆ ಕಳಿಸುವ ಚೀಟಿಯ ಮೇಲೆ ಇನ್ನೂ ಆಗದ ಹೊತ್ತು ಬರೆದಿರುತ್ತಿತ್ತು. ಉಳಿದ ಯಂತ್ರಗಳು 'ಇದು ಆಮೇಲಿನದು' ಎಂದು ಬದಿಗಿಡುತ್ತಿದ್ದವು. ಉತ್ತರ ಬರಲಿಲ್ಲವೆಂದು ಮೂರನೆಯದು ಮತ್ತೆ ಕಳಿಸುತ್ತಿತ್ತು, ಅವು ಮತ್ತೆ ಬದಿಗಿಡುತ್ತಿದ್ದವು. ದಿನಕ್ಕೆ ನಾಲ್ಕು ಚೀಟಿ ಇದ್ದಾಗ ಹೇಗೋ ನಡೆಯಿತು. ನೀರು ಬಿಟ್ಟ ದಿನ ಚೀಟಿಗಳ ರಾಶಿ ಬಿದ್ದು ಎಲ್ಲಕ್ಕೂ ಉಸಿರು ಕಟ್ಟಿತು. ಒಂದು ವರ್ಷ ಕಾಕಾ ಕರೆಂಟಿಗೆ ಬೈದಿದ್ದರು, ವಯರಿಗೆ ಬೈದಿದ್ದರು, ಇಲಿಗಳಿಗೂ ಬೈದಿದ್ದರು. ಇಲಿಗಳ ಶಾಪ ಸುಮ್ಮನೆ ಬಿಟ್ಟೀತೇ!

ನಾನು ನಗಿಸಲು ಇದನ್ನೇ ಅಂದೆ. ಕಾಕಾ ನಗಲಿಲ್ಲ.

"ನಾ ದಂಡಿ ಮ್ಯಾಲ ನೀರಿನ ಗೇಜ್ ಓದಾಕ ಇದ್ದಾಗ ಟೇಲ್‌ಎಂಡಿನ್ಯಾಗ ಒಬ್ಬಾಕಿ ಮುದುಕಿ ಇದ್ದಳು. ಸಲಿಕಿ ಹೆಗಲ ಮ್ಯಾಲ ಇಟ್ಕೊಂಡು ಓಡಿ ಬರ್ತಿದ್ದಳು. ಪಾಳಿ ಸುದ್ದಿ ಆಕಿಗೆ ಯಾವಾಗಲೂ ತಡಾನೇ ಮುಟ್ಟೋದು. ಬರೋದ್ರಾಗ ನೀರು ನಿಂತಿರ್ತಿತ್ತು. ಹಸಿ ಕೆಸರ ನೋಡಿ, 'ಈಗ ಹೋತೇನಪಾ?' ಅಂತ ನನ್ನ ಕೇಳ್ತಿದ್ದಳು. ಈಗ ಹೋತಬೇ ಅಂತಿದ್ದೆ. ಬೈತಿದ್ದಿಲ್ಲ ಆಕಿ. ಬೈದಿದ್ರ ಚಲೋ ಇತ್ತು."

ನೀರು ಕುಡಿದು ಲೋಟ ಕೆಳಗಿಟ್ಟು ಕಾಕಾ ಮೆಲ್ಲಗೆ ಹೇಳಿದರು: "ಗಡಿಯಾರ ಸರಿ ಮಾಡಿದ್ರ ಮುಗೀತು, ಯಾರಿಗೂ ಗೊತ್ತಾಗಂಗಿಲ್ಲ. ಹೇಳಿದ್ರ ಸ್ಟೋರ್ ರೂಮು ಖರೇ. ಹೇಳ್ಲೇನು, ಸುಮ್ನಿರ್ಲೇನು?"

"ನನಗ್ಯಾಕ ಕೇಳ್ತೀರಿ? ಜಗಲಿ ಮ್ಯಾಲಿನ ದೇವರಿಗೆ ಕೇಳ್ರಿ."

"ದೇವರು ಉತ್ತರ ಕೊಡಂಗಿಲ್ಲಲ್ಲವ್ವಾ."

"ಗೊತ್ತಿದ್ದವರಿಗೆ ಅವ ಯಾಕ ಕೊಡ್ತಾನ್ರಿ?"

ಕಾಕಾ ಎದ್ದು ಹೋದರು. ರಾಹುಕಾಲ ಯಾವಾಗಲೋ ಮುಗಿದಿತ್ತು.

ಮೇಡಂ ಎಲ್ಲವನ್ನೂ ಕೇಳಿ ಒಂದೇ ಮಾತು ಅಂದರಂತೆ: "ಬರದು ಕೊಡ್ರಿ." ಕಾಕಾ ಎರಡು ಪುಟ ಬರೆದು, ಕೆಳಗೆ ಸಹಿ ಹಾಕಿ ಕೊಟ್ಟರು. ಮೇಡಂ ಓದಿ ಡ್ರಾಯರಿಗೆ ಹಾಕಿ, "ನೀರು ಬಿಟ್ಟ ಮ್ಯಾಲ ನೋಡೂಣು" ಎಂದರು. ಕಾಕಾ ಆರೂ ಗಡಿಯಾರ ಒಂದೇ ಸಮ ಮಾಡಿ, ಕಾವಲುಗಾರನನ್ನು ಕೂರಿಸಿ, ಒಂದೊಂದನ್ನೇ ನಿಲ್ಲಿಸಿ ಮತ್ತೆ ಎಬ್ಬಿಸಿ ಮನೆಗೆ ಬಂದರು. ಎರಡು ದಿನ ನನ್ನ ಅಡುಗೆಗೆ ಒಂದೂ ಹೆಸರಿಡಲಿಲ್ಲ. ಉಪ್ಪು ಮರೆತಿದ್ದೆ, ಅದಕ್ಕೂ ಇಲ್ಲ! ಅಷ್ಟರ ಮಟ್ಟಿಗೆ ಮನಸ್ಸು ಕೆಟ್ಟಿತ್ತು.

ನೀರು ಬಿಟ್ಟ ದಿನ ಕಾಕಾ ಚಹಾ ಕುಡಿಯದೆಯೇ ಹೋದರು. ನಾನು ದೇವರ ಮುಂದೆ ನಿಂತು, ಕಾಕಾನ ಕುರ್ಚಿ ಉಳಿಸು ಎಂದು ಕೇಳಬೇಕೆಂದುಕೊಂಡವಳು ಯಾಕೋ ಬಾಯಿ ಬಾರದೆ, 'ಸಂದೇಶ ಹೊತ್ತಿಗೆ ಸರಿಯಾಗಿ ಮುಟ್ಟಲಿ, ಅಷ್ಟೇ' ಎಂದು ಕೈ ಮುಗಿದೆ.

ಮಧ್ಯಾಹ್ನದ ಹೊತ್ತಿಗೆ ಫೋನು ಬಂತು. ಎತ್ತಿದರೆ ಬರೀ ಭೋರ್ ಎಂಬ ಸದ್ದು. ಗಾಳಿಯೋ ಏನೋ ಅಂದುಕೊಂಡೆ.

"ಕಾಕಾ? ಎಲ್ಲಿದ್ದೀರಿ? ಯಂತ್ರದ ಮುಂದ ಇಲ್ಲೇನು?"

"ಯಂತ್ರ ನೋಡಾಕ ಕಾವಲುಗಾರ ಇದಾನಲ್ಲ! ಒಂದೂ ಎಡವಿಲ್ಲ. ನಾ ಇಲ್ಲಿ ವನದುರ್ಗದ ಆಚಿ ಟೇಲ್‌ಎಂಡಿಗೆ ಬಂದೀನಿ. ಮೇಡಂ ಜೀಪಿನ್ಯಾಗ ಕರಕೊಂಡು ಬಂದ್ರು."

"ಏನಂದ್ರು ಮೇಡಂ?"

"ಏನೂ ಅಂದಿಲ್ಲ. ನೀ ಮೊದಲು ಇದನ್ನ ಕೇಳು."

ಫೋನನ್ನು ಕೆಳಗೆ ಹಿಡಿದರೆಂದು ಕಾಣುತ್ತದೆ. ನೀರು. ತೂಬಿನಿಂದ ಧುಮುಕಿ ಹೊಲದ ಕಾಲುವೆಗೆ ಬೀಳುವ ನೀರು. ಜೊತೆಗೆ ಹೆಂಗಸರ ನಗು, ಸಲಿಕೆಯ ಸದ್ದು. "ಯಣ್ಣಾ, ಅತ್ಲಾಗ ಸರೀ, ಫೋನ್ ನೀರಾಗ ಬಿದ್ದೀತು!" ಎಂದು ಯಾರೋ ಗದರಿಸಿದರು.

"ನೀರಿಗಿಂತ ಮೊದಲ ಬಂದು ನಿಂತಾರವ್ವಾ" ಎಂದರು ಕಾಕಾ. "ಎಲ್ಲಾರೂ. ನಾವು ಬರೋದ್ರಾಗ ಸಲಿಕಿ ಹಿಡಕೊಂಡು ದಂಡಿ ಮ್ಯಾಲ ಕುಂತಿದ್ರು. ನೀರು ಆಮ್ಯಾಲ ಬಂತು." ಆರು ಯಂತ್ರದ ಅಪ್ಪ, ಕಾಲುವೆ ದಂಡೆಯಲ್ಲಿ ನಿಂತು ಮೂಗು ಸೊರಗುಟ್ಟಿಸುವುದು ನನಗೆ ಇಲ್ಲಿಗೇ ಕೇಳಿಸಿತು.

ಆಮೇಲೆ ಬೇರೆ ದನಿ ಬಂತು. ಮೇಡಮ್ಮೇ!

"ಅಕ್ಕಾರ, ನಿಮ್ಮ ಕಾಕಾ ಮಾತಾಡೋ ಹಂಗ ಕಾಣವಲ್ರು. ನಾಳಿ ಅವರಿಗೆ ಯಂತ್ರದ ಕೋಣಿಗೇ ಬರಾಕ ಹೇಳ್ರಿ. ಸ್ಟೋರಿನ್ಯಾಗ ಜಾಗಾ ಇಲ್ಲ."

"ಮತ್ತ ಅವರು ಬರದು ಕೊಟ್ಟದ್ರೀ?"

"ಅದು ಡ್ರಾಯರಿನ್ಯಾಗ ಇರ್ಲಿ. ಮುಂದ ಹೊಸಬರು ಬಂದ್ರ ಓದಾಕ ಬೇಕಾಗ್ತದ. ತಪ್ಪು ಹೆಂಗಾತು ಅಂತ ಇಷ್ಟು ಬಿಡಿಸಿ ಬರದವರನ್ನ ನಾ ನೋಡಿಲ್ಲ."

ನಾನು "ಊಟಕ್ಕ ಬರ್ರಿ ಮೇಡಂ" ಎಂದುಬಿಟ್ಟೆ. ಅವರು ನಕ್ಕು ಫೋನು ಇಟ್ಟರು.

ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೆ. ದೇವರಿಗೆ ಹೇಳಬೇಕಾದದ್ದು ಬಹಳವಿತ್ತು, ಬಾಯಿಗೆ ಬಂದದ್ದು "ಅಪ್ಪಾ" ಎಂಬುದೊಂದೇ. ಆಮೇಲೆ ನೆನಪಾಯಿತು: ಕಾಕಾಗೆ ಆಫೀಸಿಗೆ ಹಾಕುವ ಅಂಗಿ ಎರಡೇ. ಮೈಮೇಲಿನದು ಇಷ್ಟೊತ್ತಿಗೆ ಕಾಲುವೆಯ ಕೆಸರಾಗಿರುತ್ತದೆ. ಇನ್ನೊಂದು ಬೆಳಗಿನಿಂದ ಬಕೆಟ್ಟಿನಲ್ಲಿ ನೆನೆಯುತ್ತಿತ್ತು. ನಾಳೆ ಹಾಕಿಕೊಂಡು ಹೋಗಬೇಕಲ್ಲ! ಸೆರಗು ಸಿಕ್ಕಿಸಿ ಅದನ್ನು ಒಗೆಯಲು ಬಚ್ಚಲಿಗೆ ಹೋದೆ.