ಸಾವಕಾರರ ದನಿಗೊಂದು ಡಬ್ಬಿ

ರಿಪೇರಿ ಮಾಡಿ ಬದುಕುವವನ ಹಣೆಬರಹವೇ ಇಷ್ಟು: ಯಂತ್ರ ಸರಿಹೋಯಿತು ಅನ್ನುವಷ್ಟರಲ್ಲಿ ಮನುಷ್ಯರು ಕೆಡುತ್ತಾರೆ, ಮನುಷ್ಯರು ಸರಿಹೋದರೆ ಕರೆಂಟ್ ಹೋಗುತ್ತದೆ. ಯಾದಗಿರಿಯಲ್ಲಿ ನನ್ನದೊಂದು ಟಿವಿ ರಿಪೇರಿ ಅಂಗಡಿ. ಈಗ ಟಿವಿ ಕೆಟ್ಟರೆ ಯಾರೂ ತರುವುದಿಲ್ಲ, ಹೊಸದು ಕೊಳ್ಳುತ್ತಾರೆ. ನೊಣ ಹೊಡೆಯುತ್ತ ಕೂತವನಿಗೆ ಶಹಾಪುರದ ಕಿರಾಣಿ ಸಾವಕಾರರ ಕೆಲಸ ಬಂತು. ನಗುವ ಸಂಗತಿಯೇನಲ್ಲ ಅದು. ಆದರೂ ನಕ್ಕಿದ್ದೇವೆ.

ಕಿವಿ ಇದೆ, ದನಿ ಇಲ್ಲ

ಗಂಟಲ ರೋಗಕ್ಕೆ ಆಪರೇಶನ್ ಆಗಿ ಸಾವಕಾರರ ದನಿ ಹೋಗಿತ್ತು. ಉಸಿರಾಡಲು ಕೊರಳಲ್ಲೊಂದು ತೂತು, ಅದರ ಮೇಲೊಂದು ಬಿಳಿ ಬಟ್ಟೆ. ಚೌಕಾಸಿ ಮಾಡದೆ ಉಂಡ ಅನ್ನ ಕರಗದ ಮನುಷ್ಯ ಅವರು. ಈಗ ಬಂದವರೆಲ್ಲ ಕಿವಿಯೂ ಹೋಗಿದೆಯೆಂದು ತಿಳಿದು ಕೂಗುತ್ತಿದ್ದರು. ಸುರಪುರದ ಬೀಗರಂತೂ ಕಿವಿಗೇ ಬಾಯಿ ಹಚ್ಚಿ, "ಸಾವಕಾರ್ರ, ಕೇಳಸ್ತದೇನ್ರಿ?" ಎಂದು ಒದರಿದರು.

ಸಾವಕಾರರು ಪಾಟಿಯ ಮೇಲೆ ಬರೆದು ತೋರಿಸಿದರು: "ಇಷ್ಟೊತ್ತನಕ ಕೇಳಸ್ತಿತ್ತು."

ಅವತ್ತೇ ಪಾಟಿ ಮೂಲೆಗೆ ಬಿತ್ತು. ಶಾಲೆ ಹುಡುಗನ ಹಾಗೆ ಬರೆಯುತ್ತ ಕೂರಲಾರೆನೆಂದು ಸಾವಕಾರರು ಅಂಗಡಿ ಬಿಟ್ಟು ಮನೆ ಹಿಡಿದರು.

ಎಣ್ಣೆ ಡಬ್ಬ

"ತಮ್ಮಾ, ಇವರು ದಿನಾ ಗ್ವಾಡಿ ನೋಡ್ಕೋತ ಕುಂತಾರ. ಉಣ್ಣವಲ್ರು. ತಿರುಗಿ ಗಲ್ಲಾದ ಮ್ಯಾಲ ಕೂಡಾಂಗ ಏನಾರ ಮಾಡಪ್ಪ" ಎಂದರು ಅವರ ಹೆಂಡತಿ.

ದೊಡ್ಡ ಅಂಗಡಿಗಳವರು ಬೇಡವೆಂದು ಮಾರಿದ, ಸಾಮಾನಿನ ದರ ತೋರಿಸುವ ಇ-ಪೇಪರ್ ಪರದೆಗಳನ್ನು ತರಿಸಿದೆ. ನೋಡಲು ಕಾಗದದ ಹಾಗೇ. ಒಮ್ಮೆ ಮೂಡಿದ ಅಕ್ಷರ ಕರೆಂಟಿಲ್ಲದೆಯೂ ಉಳಿಯುತ್ತದೆ. ಅವಕ್ಕೆ ವೈರ್‌ಲೆಸ್‌ನಲ್ಲಿ ಅಕ್ಷರ ಕಳಿಸುವ ಡಬ್ಬಿಯನ್ನು ನಾನೇ ಬೆಸುಗೆ ಹಾಕಿ ಮಾಡಿದೆ. ಸಾವಕಾರರು ಮೊಬೈಲಿನಲ್ಲಿ ಬರೆದದ್ದು ಗಲ್ಲಾದ ಮುಂದಿನ ದೊಡ್ಡ ಪರದೆಯ ಮೇಲೆ ಮೂಡಬೇಕು. ಯಾದಗಿರಿಯಲ್ಲಿ, ನನ್ನ ಮೇಜಿನ ಮೇಲೆ, ಮೂಡುತ್ತಿತ್ತು. ಶಹಾಪುರದಲ್ಲಿ ಇಲ್ಲ. ಪರದೆಯ ಸೆಲ್ ಬದಲಿಸಿದೆ, ಚಾನೆಲ್ ಬದಲಿಸಿದೆ, ದೇವರನ್ನೂ ಬೈದೆ. ಕೊನೆಗೆ ನೋಡಿದರೆ ಡಬ್ಬಿಯೇ ಇಟ್ಟಲ್ಲಿ ಇಲ್ಲ!

"ಧೂಳ ಬೀಳತದಂತ ಎಣ್ಣಿ ಡಬ್ಬದಾಗ ಇಟ್ಟು ಮುಚ್ಚಿದ್ನೆಪ್ಪ" ಎಂದರು ಸಾವಕಾರರ ಹೆಂಡತಿ.

"ಅವ್ವಾರ, ತಗಡಿನಾಗಿಂದ ಸಿಗ್ನಲ್ ಹೊರಗ ಬರಂಗಿಲ್ರಿ."

"ಹಂಗಾರ ಒಂದು ತೂತ ಹಾಕಿಸ್ಲೇನು?"

ಸಾವಕಾರರು ಕೊರಳಿನ ಬಟ್ಟೆ ಸರಿಸಿ ತಮ್ಮ ತೂತು ತೋರಿಸಿ, ಇದರಿಂದ ಏನು ಹೊರಗೆ ಬಂತು ಎನ್ನುವಂತೆ ಕೈ ತಿರುವಿದರು.

ತಡವಾದ ಉತ್ತರ

ಡಬ್ಬಿಯನ್ನು ಹೊರಗಿಟ್ಟ ಮೇಲೆ ಅಕ್ಷರ ಮೂಡಿತು, ಆದರೆ ತಡವಾಗಿ. ಸೆಲ್ ಉಳಿಸಲು ಆ ಪರದೆಗಳು ನಿದ್ದೆ ಮಾಡುತ್ತವೆ. ಎಚ್ಚರಾದಾಗ ಮಾತ್ರ ನನಗೇನಾದರೂ ಬಂದಿದೆಯೇ ಎಂದು ಡಬ್ಬಿಯನ್ನು ಕೇಳುತ್ತವೆ. ಅಷ್ಟೊತ್ತು ನಿಲ್ಲುವ ಗಿರಾಕಿ ನಮ್ಮಲ್ಲಿ ಎಲ್ಲಿದ್ದಾನೆ?

ಒಬ್ಬ ಬಂದು, "ಈ ಹುಣಸಿಹಣ್ಣು ಹಳೇದೇನ್ರಿ?" ಎಂದ. ಸಾವಕಾರರು ಬರೆದರು. ಪರದೆ ಮಲಗಿತ್ತು. ಅವನು ಕಾದು ಬೇಸತ್ತು ಹೋದ. ಆಮೇಲೆ ಶಿರವಾಳದ ಹೆಣ್ಣುಮಗಳೊಬ್ಬಳು ಬಂದು, "ಮನ್ಯಾಗ ನಮ್ಮತ್ತಿ ಮಲಗ್ಯಾಳ್ರಿ, ಸಾಬೂದಾಣಿ ಕೊಡ್ರಿ" ಎಂದಳು. ಆಗ ಪರದೆಗೆ ಎಚ್ಚರವಾಯಿತು: "ಹಳೇದು ಖರೆ. ಇನ್ನಾ ಕೆಟ್ಟಿಲ್ಲ."

ಅವಳು ಓದಿ ನಿಟ್ಟುಸಿರು ಬಿಟ್ಟಳು. "ನಿಮಗೇನ್ ಗೊತ್ತದ ಸಾವಕಾರ್ರ. ನೀವು ಆಕಿ ಕೂಡ ಬಾಳ್ವಿ ಮಾಡೀರೇನು?"

ಕೊಂಕಲ್ಲಿನ ಟವೆಲ್

ಪರದೆ ಮಲಗದಂತೆ ಮಾಡಿದೆ. ಉತ್ತರ ಬರುವ ತನಕ ಗಿರಾಕಿ ನಿಲ್ಲಲಿ ಎಂದು "ತಡೀರಿ" ಎಂಬ ಮಾತನ್ನೂ ಸೇರಿಸಿದೆ. ಮರುದಿನ ಸಂತೆ, ಅಂಗಡಿ ತುಂಬ ಜನ. ಸಾವಕಾರರು ಹಣೆಗೆ ವಿಭೂತಿ ಹಚ್ಚಿ, ಇಸ್ತ್ರಿ ಅಂಗಿ ತೊಟ್ಟು ಬಂದು ಕೂತರು. ಮೊದಲ ಗಿರಾಕಿಗೆ ಉತ್ತರ ಬರೆಯುವಾಗಲೇ ಕರೆಂಟ್ ಹೋಯಿತು. ಡಬ್ಬಿ ಸತ್ತಿತು. ಪರದೆಯ ಮೇಲೆ "ತಡೀರಿ" ಎಂಬುದು ಕಲ್ಲಿನ ಶಾಸನದಂತೆ ನಿಂತುಬಿಟ್ಟಿತು.

ಜನ ತಡೆದರು. ಮತ್ತೂ ತಡೆದರು. ಯಾರೋ ಹಿಂದಿನಿಂದ, "ಪಾಪ, ಹ್ಯಾಂಗಿದ್ದ ಮನಷ್ಯಾ" ಎಂದರು. ಕಿವಿ ಚೆನ್ನಾಗಿದ್ದ ಸಾವಕಾರರಿಗೆ ಅದು ಕೇಳಿಸಿತು. ಮೊಬೈಲ್ ಇಟ್ಟು ಚಪ್ಪಲಿ ಹುಡುಕತೊಡಗಿದರು. ಇವತ್ತು ಎದ್ದು ಹೋದರೆ ಮತ್ತೆ ಬರುವುದಿಲ್ಲವೆಂದು ನನಗೂ ಗೊತ್ತಿತ್ತು, ಬಾಗಿಲಲ್ಲಿ ನಿಂತ ಅವರ ಹೆಂಡತಿಗೂ ಗೊತ್ತಿತ್ತು.

ಅಷ್ಟರಲ್ಲಿ ಕೊಂಕಲ್ ಊರಿನ ಮುದುಕನೊಬ್ಬ ಜನರನ್ನು ಸರಿಸಿಕೊಂಡು ಮುಂದೆ ಬಂದ. ಹಿಂದೆ ದನದ ದಲ್ಲಾಳಿಯಾಗಿದ್ದವನು. ದನದ ಸಂತೆಯಲ್ಲಿ ದರ ನಾಲ್ಕು ಮಂದಿಗೆ ತಿಳಿಯಬಾರದೆಂದು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡುತ್ತಾರೆ. ಒಬ್ಬರೂ ಬಾಯಿ ಬಿಡುವುದಿಲ್ಲ. ಅವನು ಬೆಲ್ಲದ ಪೆಂಟಿಯನ್ನು ಗಲ್ಲಾದ ಮೇಲಿಟ್ಟು, ಹೆಗಲ ಟವೆಲ್ ತೆಗೆದು ಸಾವಕಾರರ ಕೈ ಮೇಲೆ ಹೊದಿಸಿದ.

"ಹೂಂ. ಹೇಳ್ರಿ ಸಾವಕಾರ್ರ."

ಸಾವಕಾರರು ಒಂದು ಗಳಿಗೆ ಅವನ ಮುಖ ನೋಡಿದರು. ಆಮೇಲೆ ಟವೆಲ್ ಅಲುಗಾಡಿತು. ಮುದುಕ "ಛೇ ಛೇ!" ಎಂದು ತಲೆಯಾಡಿಸಿದ. ಸಾವಕಾರರು ಹುಬ್ಬು ಗಂಟಿಕ್ಕಿದರು, ಮುಖ ತಿರುಗಿಸಿದರು, ಮತ್ತೆ ಬೆರಳು ಹಿಸುಕಿದರು. ಅದೇ ಹಳೆಯ ಜಿಪುಣತನ! ಸದ್ದಿಲ್ಲದೆ ನಗುತ್ತಿದ್ದರು, ಕೊರಳಿನ ಬಟ್ಟೆ ಪಟಪಟ ಹಾರುತ್ತಿತ್ತು. ಬಾಗಿಲಲ್ಲಿ ಅವರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ನಾನು ಸತ್ತ ಡಬ್ಬಿ ಹಿಡಿದುಕೊಂಡು ದಡ್ಡನಂತೆ ಅಳುತ್ತಿದ್ದೆ.

ಬಹಳ ಹೊತ್ತಾಯಿತು. ಹೊರಗೆ ಬಸ್ಸಿನ ಹಾರ್ನ್ ಕೇಳಿ ಮುದುಕ ಚಡಪಡಿಸಿದ.

"ಯಾಕಜ್ಜಾ, ದರಾ ಕುದುರವಲ್ದೇನು?" ಎಂದೆ.

"ದರಾ ಯಾವಾಗೋ ಮುಗದದಪ್ಪ" ಎಂದ ಮುದುಕ. "ಸಾವಕಾರ್ರು ಕೈ ಬಿಡವಲ್ರು."