ಮೂವತ್ತಾರು ಇಂಚು ಮತ್ತು ಅತ್ತೆಯವರ ಹಂಡೆ

ಮಗಳ ಬಾಣಂತನಕ್ಕೆ ಬೇಕಾದ ಸೌದೆಯನ್ನು ನಾನೇ, ನನ್ನ ಸ್ವಂತ ಕೈಯಿಂದ, ನನ್ನ ಸ್ವಂತ ಚೈನ್‌ಸಾ ಮಿಷನ್ನಿನಲ್ಲಿ ಕೊಯ್ದು ಒಟ್ಟುತ್ತೇನೆ ಎಂದು ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಘೋಷಿಸಿಬಿಟ್ಟೆ! ಆ ಐತಿಹಾಸಿಕ ಘೋಷಣೆಯನ್ನು ಕೇಳಿದವರು ಇಬ್ಬರೇ. ಒಬ್ಬಳು ಹೆಂಡತಿ ನಯನಾ, ಇನ್ನೊಂದು ಮನೆಯ ಬೆಕ್ಕು. ಬೆಕ್ಕು ಎದ್ದು ಹೋಯಿತು.

"ಪ್ರತಿ ವರ್ಷ ಜವರಯ್ಯ ಕುಯ್ದು ಹಾಕ್ತಾನಲ್ರೀ" ಎಂದಳು ನಯನಾ.

"ಪ್ರತಿ ವರ್ಷ ನಮಗೆ ಮೊಮ್ಮಗು ಹುಟ್ಟುತ್ತೇನೇ?"

"ನೋಡಿ, ನಿಮ್ಮ ಕೈಕಾಲಿಗೆ ಪಟ್ಟಿ ಸುತ್ಕೊಂಡು ಕೂರಕ್ಕೆ ನಂಗೆ ಪುರುಸೊತ್ತಿಲ್ಲ. ಈ ಮನೇಲಿ ಒಂದು ಸಲಕ್ಕೆ ಒಂದೇ ಬಾಣಂತನ ಆಗೋದು."

ಇಷ್ಟು ಪ್ರೋತ್ಸಾಹ ಸಿಕ್ಕಿದ ಮೇಲೆ ನಾನು ಹಿಂದೆ ಸರಿಯುವುದುಂಟೆ?

ಹಾಸನದಲ್ಲಿ ಟೀಚರ್ ಆಗಿರುವ ನಮ್ಮ ಮಗಳು ಚೈತ್ರಶ್ರೀಗೆ ಇದು ಚೊಚ್ಚಲು. ಹೆರಿಗೆಯಾದ ಮೇಲೆ ಬೆಳಗೋಡಿನ ಹತ್ತಿರದ ನಮ್ಮ ತೋಟದ ಮನೆಗೇ ಬರುವವಳು. ಬಾಣಂತನ ಮಾಡಲು ಮಗ್ಗೆಯಿಂದ ನಮ್ಮ ಅತ್ತೆ ದೇವೀರಮ್ಮನವರು ಬರುವುದೂ ನಿಶ್ಚಯವಾಗಿತ್ತು. ಅತ್ತೆಯವರ ಸಂವಿಧಾನದಲ್ಲಿ ಇರುವುದು ಒಂದೇ ಕಲಮು: ಬಾಣಂತಿಗೂ ಮಗುವಿಗೂ ಎರೆಯುವ ನೀರು ಮೂರು ತಿಂಗಳು ಬಿಡದೆ ತಾಮ್ರದ ಹಂಡೆಯಲ್ಲಿ, ಸೌದೆ ಒಲೆಯ ಮೇಲೆ ಕಾಯಬೇಕು. ಬಚ್ಚಲಿನಲ್ಲಿ ಗೀಸರ್ ಇದೆಯಲ್ಲ ಎಂದು ಫೋನಿನಲ್ಲಿ ನಾನೊಮ್ಮೆ ಬಾಯಿಬಿಟ್ಟಿದ್ದೆ.

"ಅಳಿಯಂದ್ರೇ, ಕರೆಂಟ್ ನೀರಲ್ಲಿ ಬಿಸಿ ಇರ್ತೈತೆ, ಕಾವು ಇರಕ್ಕಿಲ್ಲ" ಎಂದು ಅವರು ತಿದ್ದುಪಡಿಯನ್ನು ಅಲ್ಲೇ ತಿರಸ್ಕರಿಸಿದರು.

ಹಂಡೆಯೂ ಅವರದೇ. ನಯನಾ ಹುಟ್ಟಿದಾಗ ಮಿಂದದ್ದು ಅದರ ನೀರಿನಲ್ಲಿ. ಚೈತ್ರಾ ಹುಟ್ಟಿದಾಗ ಅತ್ತೆಯವರು ಅದನ್ನು ಬಸ್ಸಿನ ಟಾಪಿಗೆ ಕಟ್ಟಿಸಿಕೊಂಡು ಬಂದು, ಬಾಣಂತನ ಮುಗಿಸಿ, ಹಂಡೆಯನ್ನು ಮಗಳಿಗೇ ಬಿಟ್ಟುಹೋದರು. "ಇವ್ಳ ಮಗೀಗೂ ಇದ್ರಲ್ಲೇ ಕಾಯ್ಸಿ ಎರೀತೀನಿ, ಅಲ್ಲೀಗಂಟ ನಾನೂ ಇರ್ತೀನಿ, ಹಂಡೇನೂ ಇರ್ಲಿ" ಎಂದು ಅವತ್ತು ಹೇಳಿ ಹೋದ ಹೆಂಗಸು ಈಗ ಎಂಬತ್ತೊಂದರ ವಯಸ್ಸಿನಲ್ಲಿ ಮಾತು ಉಳಿಸಿಕೊಳ್ಳಲು ಸೀರೆ ಮಡಿಸಿಟ್ಟುಕೊಂಡು ಕಾಯುತ್ತಿದ್ದರು. ಹಂಡೆಯ ಮಹತ್ವ ನಿಮಗೆ ಅರ್ಥವಾಯಿತಲ್ಲ?

ಸೌದೆಗೆ ಮರವೇನೋ ಸಿದ್ಧವಾಗಿತ್ತು. ಹೋದ ಮಳೆಗಾಲದ ಗಾಳಿಗೆ ಬಿದ್ದ ನೇರಳೆಯ ಬುಡವನ್ನು ಟ್ರ್ಯಾಕ್ಟರಿನಲ್ಲಿ ಎಳೆಸಿ ಬಚ್ಚಲುಮನೆಯ ಹಿಂದೆ ಹಾಕಿಸಿದ್ದೆ. ಟೇಪು ಹಿಡಿದು ಅಡ್ಡಕ್ಕೆ ಅಳೆದೆ. ಮೂವತ್ತು ಇಂಚು ದಪ್ಪ! ಮನೆಯಲ್ಲಿದ್ದ ಹಳೆಯ ಮಿಷನ್ನಿನ ಬಾರು, ಅಂದರೆ ಚೈನು ಸುತ್ತುವ ಆ ಉದ್ದನೆಯ ಪಟ್ಟಿ, ಹದಿನೆಂಟೇ ಇಂಚು. ಪಕ್ಕದ ತೋಟದ ಶಾಂತಮಲ್ಲಪ್ಪನವರ ಹತ್ತಿರ ಇಪ್ಪತ್ನಾಲ್ಕು ಇಂಚಿನದ್ದಿದೆ. ಆ ಮನುಷ್ಯ ಅದನ್ನು ಜೀಪಿನ ಹಿಂದೆ, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ ಇಟ್ಟುಕೊಂಡು ತಿರುಗುತ್ತಾರೆ. ಇದನ್ನು ಸಹಿಸಿಕೊಂಡು ನಾನು ನಾಲ್ಕು ವರ್ಷ ಬದುಕಿದ್ದೆ. ಇನ್ನು ಆಗುವುದಿಲ್ಲ ಎಂದು ಸೀದಾ ಸಕಲೇಶಪುರಕ್ಕೆ ಹೊರಟೆ.

ಮಿಷನ್ ಅಂಗಡಿಯ ತಬ್ರೇಜ್ ಒಳ್ಳೆಯ ಹುಡುಗ. ಅವನಿಗಿರುವ ಒಂದೇ ದುರ್ಗುಣವೆಂದರೆ ನಿಜ ಹೇಳುವುದು.

"ಮೋಹನಣ್ಣ, ಮೂವತ್ತು ಇಂಚಿನ ದಿಮ್ಮಿಗೆ ಇಪ್ಪತ್ತರ ಬಾರು ಬೇಜಾನಾಯ್ತು. ಈ ಕಡೆಯಿಂದ ಅರ್ಧ, ಆ ಕಡೆಯಿಂದ ಅರ್ಧ ಕುಯ್ಕೊಂಡ್ರೆ ಮುಗೀತು."

"ಅರ್ಧ ಅರ್ಧ ಕುಯ್ಯಕ್ಕೆ ಇದೇನು ಹೋಳಿಗೇನೋ? ಒಂದೇ ಏಟಿಗೆ ಆಚೆ ಬರಬೇಕು. ದೊಡ್ಡದು ಯಾವುದೈತೆ?"

"ಮೂವತ್ತಾರು ಇಂಚಿಂದು ಐತೆ. ಆದ್ರೆ ಅದಕ್ಕೆ ಇಂಜಿನ್ನೂ ದೊಡ್ಡದೇ ಬೇಕು. ಚಿಕ್ಕ ಇಂಜಿನ್ನಿಗೆ ಉದ್ದ ಬಾರು ಹಾಕಿದ್ರೆ ಚೈನ್ ಎಳೆಯಲ್ಲ, ಬರೀ ಹೊಗೆ. ದೊಡ್ಡ ಇಂಜಿನ್ ಅಂದ್ರೆ ಭಾರ. ಹತ್ತು ನಿಮಿಷ ಹಿಡಿದ್ರೆ ತೋಳು ಬಿದ್ದೋಗ್ತವೆ. ಇನ್ನೊಂದು ವಿಷ್ಯ ಅಣ್ಣ, ಬಾರಿನ ಮೂತಿ ಮರದಿಂದ ಆಚೆ ಬಂದು ಏನಕ್ಕಾದ್ರೂ ತಾಗಿದ್ರೆ ಮಿಷನ್ ಎಗರಿ ನಿಮ್ಮ ಮುಖಕ್ಕೇ ಬರ್ತದೆ. ಮರದ ಹಿಂದೆ ಏನೈತೆ ಅಂತ ನೋಡ್ಕೊಂಡೇ ಕುಯ್ಬೇಕು."

ಅವನು ಇನ್ನೂ ಹೇಳುತ್ತಿದ್ದ. ನಾನು ಆಗಲೇ ಮನಸ್ಸಿನಲ್ಲಿ ಶಾಂತಮಲ್ಲಪ್ಪನವರ ಗೇಟಿನ ಮುಂದೆ ಜೀಪು ನಿಧಾನ ಮಾಡುತ್ತಿದ್ದೆ. ನನ್ನ ಕಿವಿಗೆ ಬಿದ್ದದ್ದು ಮೂವತ್ತಾರು ಎಂಬ ಸಂಖ್ಯೆ ಮಾತ್ರ.

ಮಿಷನ್ ಮನೆಗೆ ಬಂತು. ಬಂಧುಬಳಗಕ್ಕೆಲ್ಲ ಫೋನ್ ಮಾಡಿ ಇಂಚು ತಿಳಿಸಿದೆ. ಮಗ್ಗೆಗೂ ತಿಳಿಸಿದೆ. ನಯನಾ ಅದನ್ನು ಒಂದು ಸುತ್ತು ಹಾಕಿ ನೋಡಿದಳು.

"ರೀ, ನಮ್ಮ ಒಲೆ ಬಾಯಿ ಎಷ್ಟು ಅಗಲ ಐತೆ ಗೊತ್ತಾ?"

"ಎಷ್ಟು?"

"ಒಂದು ಗೇಣು. ನೀವು ಮೂವತ್ತು ಇಂಚಿನ ಬಿಲ್ಲೆ ಕುಯ್ದು ಕೊಟ್ರೆ ನಾನೇನ್ ಮಾಡ್ಲಿ, ಊಟದ ಮಣೆ ಮಾಡ್ಕೊಳ್ಳಾ?"

"ಕುಯ್ಯೋದು ನನ್ನ ಕೆಲಸ. ಒಡೆಯೋದು ಜವರಯ್ಯನ ಕೆಲಸ" ಎಂದು ಖಾತೆ ಹಂಚಿಕೆ ಮಾಡಿದೆ.

ಮೇ ತಿಂಗಳ ಎರಡನೇ ಸೋಮವಾರ ಶುಭಮುಹೂರ್ತ. ಹೆರಿಗೆಗೆ ಇನ್ನೂ ಎರಡು ವಾರವಿತ್ತು. ಬಾಣಂತನಕ್ಕೆ ಬಚ್ಚಲ ಒಲೆಯನ್ನು ಹೊಸದಾಗಿ ಮೆತ್ತಬೇಕೆಂದು ನಯನಾ ಬೆಳಿಗ್ಗೆಯೇ ಕೆಮ್ಮಣ್ಣಿಗೆ ಸಗಣಿ ಕಲಸಿ ಅಂಗಳದಲ್ಲಿ ದೊಡ್ಡ ಗುಡ್ಡೆ ಮಾಡಿಟ್ಟಿದ್ದಳು. ನಾನು ತಲೆಗೆ ಹೆಲ್ಮೆಟ್ಟು, ಮುಖಕ್ಕೆ ಜಾಲರಿ, ಕಾಲಿಗೆ ಗಂಬೂಟು ಹಾಕಿಕೊಂಡು ಹೊರಬಂದಾಗ ನಾಯಿ ನನ್ನನ್ನೇ ನೋಡಿ ಬೊಗಳಿತು. ನಮ್ಮ ತೋಟದಾಳು ಜವರಯ್ಯ ಕೊಡಲಿ ಹಿಡಿದು ದೂರ ನಿಂತಿದ್ದ. ಅವನು ಅಷ್ಟು ದೂರ ನಿಂತಿದ್ದು ಗೌರವದಿಂದ ಎಂದು ಆಗ ಭಾವಿಸಿದ್ದೆ.

"ಗೌಡ್ರೇ, ದಿಮ್ಮಿ ಅಡಿಗೆ ಎರಡು ತುಂಡು ಕಟ್ಟಿಗೆ ಕೊಟ್ಕಂಡು ಕುಯ್ರಿ. ಹಿಂದ್ಗಡೆ ಒಂದು ಸುತ್ತು ನೋಡ್ಕಂಡ್ ಬರ್ಲಾ?"

"ಹಿಂದೆ ಏನಿರುತ್ತೆ ಮಾರಾಯ, ಬಚ್ಚಲ ಗೋಡೆ. ಅದು ಆರಡಿ ದೂರದಲ್ಲೈತೆ!"

ಹಗ್ಗ ಎಳೆದೆ. ಹದಿನೇಳನೇ ಎಳೆತಕ್ಕೆ ಮಿಷನ್ ಸ್ಟಾರ್ಟಾಯಿತು. ಆಹಾ, ಏನು ಆರ್ಭಟ! ಹೆಗ್ಗದ್ದೆಯ ಘಾಟಿಯವರೆಗೂ ಕೇಳಿಸಿರಬೇಕು. ಬಾರು ನೇರಳೆಯೊಳಗೆ ಬೆಣ್ಣೆಗೆ ಇಳಿದಂತೆ ಇಳಿಯಿತು. ಕೆಂಪು ಹೊಟ್ಟು ನನ್ನ ಬೂಟಿನ ಮೇಲೆ ಸುರಿಯಿತು. ಶಾಂತಮಲ್ಲಪ್ಪನವರೇ, ಎಲ್ಲಿದ್ದೀರಿ, ಬನ್ನಿ, ನೋಡಿ!

ಇಲ್ಲಿ ಒಂದು ಲೆಕ್ಕ ಹೇಳಬೇಕು. ನಾನು ಮರವನ್ನು ಅಳೆದಿದ್ದೆ, ಬಾರನ್ನೂ ಅಳೆದಿದ್ದೆ. ಮಾಡದೆ ಬಿಟ್ಟಿದ್ದು ಕಳೆಯುವ ಲೆಕ್ಕ. ಮೂವತ್ತಾರರಲ್ಲಿ ಮೂವತ್ತು ಹೋದರೆ ಉಳಿಯುವ ಆರು ಇಂಚು ಆಚೆ ಕಡೆ ಹೋಗಿ ಏನು ಮಾಡುತ್ತಿರುತ್ತದೆ ಎಂದು ಯೋಚಿಸಲಿಲ್ಲ.

ಒಲೆ ಮೆತ್ತುವುದಕ್ಕೆ ಹಂಡೆಯನ್ನು ಅಲ್ಲಿಂದ ಎತ್ತಲೇಬೇಕಲ್ಲ! ನಯನಾ ಅದನ್ನು ಎತ್ತಿಸಿ, ಒಳಗೆ ತಿಕ್ಕಿ ತೊಳೆದು, ಬಿಸಿಲಿಗೆ ಒಣಗಲೆಂದು ದಿಮ್ಮಿಯ ಆಚೆ ಮಗ್ಗುಲಿಗೆ ಒತ್ತಿ ಬೋರಲು ಹಾಕಿದ್ದಳು. ಅಷ್ಟು ದಪ್ಪದ ದಿಮ್ಮಿಯ ಹಿಂದೆ ಎರಡಡಿಯ ಹಂಡೆ ನನ್ನ ಕಡೆಯಿಂದ ಹೇಗೆ ಕಾಣಬೇಕು?

ಕರ್ರ್ ಎಂದು ಒಂದು ಸದ್ದು. ಹಲ್ಲೆಲ್ಲ ಜುಮ್ಮೆಂದಿತು. ಮರುಕ್ಷಣ ಮಿಷನ್ ಜೀವ ಬಂದ ಹಾಗೆ ಎಗರಿತು! ಹಿಡಿಯ ಮುಂದಿನ ಅಡ್ಡಪಟ್ಟಿ ನನ್ನ ಮಣಿಕಟ್ಟಿಗೆ ಬಡಿದು, ಬ್ರೇಕು ಬಿದ್ದು, ಚೈನು ನಿಂತಿತು. ನಾನು ನಿಲ್ಲಲಿಲ್ಲ. ಹಿಂದಕ್ಕೆ ನಾಲ್ಕು ಹೆಜ್ಜೆ ತೂರಾಡಿ, ಕೆಮ್ಮಣ್ಣು ಸಗಣಿಯ ಗುಡ್ಡೆಯ ಮೇಲೆ ಸಿಂಹಾಸನದಲ್ಲಿ ಕೂತ ಹಾಗೆ ಕೂತುಬಿಟ್ಟೆ.

ನಯನಾ ಓಡಿ ಬಂದಳು. ನನ್ನ ಎರಡೂ ಕೈ ಹಿಡಿದುಕೊಂಡು ಬೆರಳು ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಜಾಲರಿ ಎತ್ತಿ ಮೂಗು, ಕಿವಿ ಮುಟ್ಟಿ ನೋಡಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಅಷ್ಟು ಅಕ್ಕರೆಯಿಂದ ಪರೀಕ್ಷಿಸಿದ್ದು ನನಗೆ ನೆನಪಿಲ್ಲ. ಸಗಣಿಯಲ್ಲಿ ಕೂತಿದ್ದರೂ ಸಂತೋಷವಾಯಿತು.

"ಎಲ್ಲಾ ಐತೆ" ಎಂದು ಉಸಿರುಬಿಟ್ಟಳು.

"ಅವ್ವಾ, ಹಂಡೆ..." ಎಂದ ಜವರಯ್ಯ ಆಚೆ ಕಡೆಯಿಂದ.

ಹಂಡೆಯ ಹೊಟ್ಟೆಯ ಮೇಲೆ ಮಸಿಯ ನಡುವೆ ಕೆಂಪಗೆ ಹೊಳೆಯುವ ನಾಲ್ಕು ಬೆರಳುದ್ದದ ಸೀಳು. ನಯನಾ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಹಂಡೆಯ ಪಕ್ಕ ಕೂತು ಆ ಸೀಳಿನ ಮೇಲೆ ಬೆರಳಾಡಿಸಿ, "ಅವ್ವ ಇದನ್ನ ನೋಡಿದ್ರೆ ಏನಾಗ್ತಾಳೋ" ಎಂದಳು, ಅಷ್ಟೆ. ನನಗೆ ಆ ಮಿಷನ್ನನ್ನು ಹೇಮಾವತಿ ಹೊಳೆಗೆ ಎಸೆಯಬೇಕೆನ್ನಿಸಿತು. ತುಂಬ ಭಾರ, ಅದಕ್ಕೇ ಎಸೆಯಲಿಲ್ಲ.

ಮಾರನೇ ದಿನ ಹಂಡೆಯನ್ನು ಗೋಣಿಯಲ್ಲಿ ಸುತ್ತಿ, ಸಕಲೇಶಪುರದಲ್ಲಿ ಪಾತ್ರೆ ರಿಪೇರಿ ಮಾಡುವ ಅಬ್ಬಾಸ್ ಸಾಹೇಬರ ಮುಂದೆ ಇಳಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು.

"ಏನಾಯ್ತು ಗೌಡ್ರೆ ಇದಕ್ಕೆ?"

ನಮ್ಮ ಕಡೆ ಯಾವ ನಷ್ಟಕ್ಕೂ ನಂಬುವಂಥ ಉತ್ತರ ಒಂದಿದೆ. "ಆನೆ ಸಾಹೇಬ್ರೆ. ರಾತ್ರಿ ಹಿತ್ತಲಿಗೆ ನುಗ್ಗಿತ್ತು" ಎಂದೆ.

ಅವರು ಸೀಳಿನ ಅಂಚಿನ ಗೀರುಗಳ ಮೇಲೆ ಉಗುರು ಎಳೆದರು. "ಇಷ್ಟು ಸಣ್ಣ ಹಲ್ಲು, ಅದೂ ಸಾಲಾಗಿ! ಯಾವ ಜಾತಿ ಆನೆ ಗೌಡ್ರೆ? ಚೈನ್ ಆಯಿಲ್ ವಾಸ್ನೆ ಬೇರೆ ಬರ್ತದೆ."

ನಾನು ಸ್ಟೂಲಿನ ಮೇಲೆ ಕೂತೆ. ಅವರು ತಾಮ್ರದ ತಗಡು ಕತ್ತರಿಸಿ, ಬೆಸುಗೆ ಹಾಕಿ, ಬಡಿದು, ಒಳಗೆಲ್ಲ ಕಲಾಯಿ ಹಚ್ಚುತ್ತಿದ್ದಾಗ ಫೋನ್ ಬಂತು. ನಯನಾಳ ನಂಬರು. ಬೆಳಿಗ್ಗೆ ನಾನು ಇತ್ತ ಹೊರಟ ಮೇಲೆ ಚೈತ್ರಾಗೆ ಎರಡು ವಾರ ಮೊದಲೇ ನೋವು ಶುರುವಾಗಿ, ಆಸ್ಪತ್ರೆಗೆ ಸೇರಿಸಿದರೆಂದು ತಿಳಿದು, ನಯನಾ ಹಾಸನಕ್ಕೆ ಓಡಿದ್ದಳಂತೆ. ನನಗೆ ಹೇಳಿದರೆ ಗಾಬರಿಯಲ್ಲಿ ಜೀಪು ಎಲ್ಲಿಗಾದರೂ ಗುದ್ದುತ್ತೇನೆಂದು ಹೇಳಿರಲಿಲ್ಲವಂತೆ.

"ರೀ, ಹೆಣ್ಣು ಮಗು ಕಣ್ರೀ! ಇಬ್ರೂ ಚೆನ್ನಾಗವ್ರೆ. ಹಂಡೆ ಏನಾಯ್ತು?"

ನನ್ನ ಕಣ್ಣಲ್ಲಿ ನೀರು ಬಂತು. ಅಬ್ಬಾಸ್ ಸಾಹೇಬರು ನನ್ನ ಮುಖ ನೋಡಿ ಹಂಡೆಗೆ ಕೊಡಗಟ್ಟಲೆ ನೀರು ಸುರಿದರು. ಇಬ್ಬರೂ ಬಗ್ಗಿ ಅದರ ಕೆಳಗೆ ನೋಡಿದೆವು. ಐದು ನಿಮಿಷ, ಹತ್ತು ನಿಮಿಷ. ಒಂದು ಹನಿಯೂ ಇಲ್ಲ! ಎದೆಯ ಮೇಲಿನ ದಿಮ್ಮಿ ಇಳಿದ ಹಾಗಾಯಿತು. ಅಂಗಡಿಯ ಮುಂದೆ ಹೋಗುತ್ತಿದ್ದವರಿಗೆಲ್ಲ ಚಹಾ ಕುಡಿಸಿದೆ.

ಬರುವಾಗ ತಬ್ರೇಜನ ಅಂಗಡಿಗೆ ಹೋಗಿ, ಜೀಪಿನಲ್ಲೇ ತಂದಿದ್ದ ಮಿಷನ್ ಇಳಿಸಿದೆ. ಅವನು ಒಳಗಿನಿಂದ ಇಪ್ಪತ್ತು ಇಂಚಿನದ್ದನ್ನು ತಂದಿಟ್ಟ. ಅದರ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಆಗಲೇ ನನ್ನ ಹೆಸರಿತ್ತು.

"ಇದು ಯಾವಾಗ ಬರ್ದಿದ್ದೋ?"

"ನೀವು ಮೂವತ್ತಾರರದ್ದು ಜೀಪಿಗೆ ಹಾಕ್ಕೊಂಡು ಹೋದ್ರಲ್ಲ, ಅವತ್ತೇ ಅಣ್ಣ."

ಆ ವಾರ ಜವರಯ್ಯ ಹೊಸ ಮಿಷನ್ನಿನಲ್ಲಿ ಈಚೆಯಿಂದ ಅರ್ಧ, ಆಚೆಯಿಂದ ಅರ್ಧ ಕೊಯ್ದು, ಗೇಣು ಗೇಣು ದಪ್ಪಕ್ಕೆ ಒಡೆದು, ಸೌದೆಕೊಟ್ಟಿಗೆ ತುಂಬಿಸಿದ. ನಾನು ಹೊತ್ತು ಜೋಡಿಸಿದೆ. ಹಂಡೆಯನ್ನು ಹೊಸ ಒಲೆಯ ಮೇಲೆ ಕೂರಿಸಿ, ಹೊರಗಿನ ತೇಪೆಗೆ ನಾನೇ ಎರಡು ಸಲ ಮಸಿ ಬಳಿದೆ. ಹಾಸನದಿಂದ ಬಂದ ನಯನಾಳೇ ನೋಡಿ, "ಗೊತ್ತೇ ಆಗಲ್ಲ" ಎಂದು ಸರ್ಟಿಫಿಕೇಟು ಕೊಟ್ಟಳು. ಅತ್ತೆಯವರಿಗೆ ಹೇಳುವುದು ಬೇಡವೆಂದು ಇಬ್ಬರೂ ಒಪ್ಪಂದ ಮಾಡಿಕೊಂಡೆವು.

ಬಾಣಂತಿ, ಮಗು, ಅತ್ತೆ ಮೂವರೂ ಒಂದೇ ಕಾರಿನಲ್ಲಿ ಬಂದಿಳಿದರು. ಮೊದಲ ಎರೆಯುವ ದಿನ ಅತ್ತೆಯವರು ಸೆರಗು ಕಟ್ಟಿ, ಬಚ್ಚಲಿಗೆ ಹೋಗಿ, ನೀರು ತುಂಬುವ ಮೊದಲು ಹಂಡೆಯೊಳಗೆ ಕೈಬಿಟ್ಟು ಒಂದು ಸುತ್ತು ಸವರಿದರು. ಕೈ ಒಂದು ಕಡೆ ನಿಂತಿತು. ನನ್ನ ಉಸಿರೂ ನಿಂತಿತು.

"ಅಳಿಯಂದ್ರೇ, ಬರ್ರಿ ಇಲ್ಲಿ."

ಹೋದೆ. ತಲೆ ತಗ್ಗಿಸಿ, "ಅವ್ವಾ, ತಪ್ಪಾಯ್ತು. ನನ್ನ ಕೈಲೇ ಆಗಿದ್ದು. ನಿಮಗೆ ಹೇಳಕ್ಕೆ ಧೈರ್ಯ ಬರಲಿಲ್ಲ" ಎಂದುಬಿಟ್ಟೆ. ಒಪ್ಪಂದ ಅಲ್ಲಿಗೆ ಮುರಿಯಿತು. ಹಿಂದೆ ನಯನಾ ಹಣೆ ಚಚ್ಚಿಕೊಂಡಳು.

ಅತ್ತೆಯವರು ನನ್ನ ಕೈ ಹಿಡಿದು ಹಂಡೆಯೊಳಗೆ ಎಳೆದುಕೊಂಡರು. ಅಬ್ಬಾಸ್ ಸಾಹೇಬರ ತೇಪೆ ಇದ್ದ ಕಡೆಗಲ್ಲ, ಅದಕ್ಕೆ ಎದುರು ಮಗ್ಗುಲಿಗೆ, ಅಂಚಿನ ಕೆಳಗೆ. ಬೆರಳಿಗೆ ಏನೋ ಉಬ್ಬು ಸಿಕ್ಕಿತು. ನುಣುಪಾಗಿ ಸವೆದುಹೋದ ಇನ್ನೊಂದು ತೇಪೆ!

"ಇದು ನಿಮ್ಮ ಮಾವನೋರ್ದು. ನಯನಾ ಹುಟ್ಟಿದಾಗ ಬಾಣಂತನದ ಸೌದೆ ನಾನೇ ಒಡೀತೀನಿ ಅಂತ ಹೊಂಟ್ರು. ಏಟು ಜಾರಿ ಹಂಡೆಗೆ ಬಿತ್ತು. ಆನೆ ತುಳೀತು ಅಂತ ಸುಳ್ಳು ಬೇರೆ ಹೇಳಿದ್ರು."

ನನಗೆ ಜೀವ ಬಂದಂತಾಯಿತು. ಅತ್ತೆಯವರು ನಗುತ್ತಿದ್ದರು! ಬಾಗಿಲಲ್ಲಿ ನಯನಾ ನಗುತ್ತಿದ್ದಳು. ಒಳಗೆ ಮಂಚದ ಮೇಲಿಂದ ಚೈತ್ರಾ, ಹೊಟ್ಟೆ ಹಿಡಿದುಕೊಂಡು, "ನಗಿಸಬೇಡಿ, ನೋವಾಗುತ್ತೆ" ಎಂದು ಕೂಗುತ್ತಿದ್ದಳು. ನಾನೂ ಧೈರ್ಯ ತಂದುಕೊಂಡು, "ಹಂಗಾದ್ರೆ ಮಾವನೋರೂ ನಾನೂ ಒಂದೇ ಅಂತಾಯ್ತಲ್ಲ ಅವ್ವಾ!" ಎಂದು ಎದೆಯುಬ್ಬಿಸಿದೆ.

ಅತ್ತೆಯವರು ಒಲೆಗೆ ಒಂದು ಸೀಳು ನೇರಳೆ ಇಟ್ಟು, ಬೆಂಕಿ ಊದಿ, ನನ್ನನ್ನು ಅಡಿಯಿಂದ ಮುಡಿಯವರೆಗೂ ನೋಡಿದರು.

"ಎಲ್ಲಿ ಬಂತು ಒಂದೇ! ಅವ್ರಿಗೆ ಬರೀ ಒಂದು ಕೊಡ್ಲಿ ಸಾಕಾಗಿತ್ತು ಕಣಪ್ಪಾ. ನಿಮಗೆ ಮೂವತ್ತಾರು ಇಂಚು ಬೇಕಾಯ್ತು!"